ನೈಲ್ ತೀರದ ಬಕ್ಷೀಸು

ಕನ್ನಡದಲ್ಲಿ ಬೇರೂರಿರುವ ‘ಬಕ್ಷೀಸು’ ಮತ್ತು ‘ತರ್ಜುಮೆ’ ಎಂಬ ಎರಡು ಪದಗಳು ಪಾರಸಿಯು ಆಡಳಿತದ ಭಾಷೆಯಾಗಿದ್ದ ಕಾಲದ ಬಳುವಳಿ. ಮೊದಲನೆಯದು ‘ಕೊಡು’, ‘ಕ್ಷಮಿಸು’ ಎಂಬ ಎರಡೂ ಅರ್ಥಗಳುಳ್ಳ ‘ಬಖ್ಶೀದನ್’ ಎಂಬ ಪಾರಸಿ ಕ್ರಿಯಾಪದದಿಂದ ಹುಟ್ಟಿದ್ದು. ಎರಡನೆಯದರ ಮೂಲ ಅರಬ್ಬಿ, ಆ ಭಾಷೆಯಲ್ಲಿ ಭಾಷಾಂತರಕಾರನನ್ನು ‘ತರ್ಜುಮಾನ್’ ಎನ್ನುತ್ತಾರೆ, ಅದನ್ನೇ ಯುರೋಪಿನವರು ‘ಡ್ರಾಗೊಮನ್’ ಎಂದು ಉಚ್ಚರಿಸಿದರು. ಹತ್ತೊಂಬತ್ತನೆಯ ಶತಮಾನದ ಈಜಿಪ್ಟಿನಲ್ಲಿ ಪ್ರವಾಸಿಗಳನ್ನು ಕರೆದೊಯ್ದು ತೋರಿಸುವವನಿಗೆ ಈ ಹೆಸರೇ ನಿಂತಿತು, ಕೂಲಿಯ ಮೇಲೆ ಸಲ್ಲುತ್ತಿದ್ದ ಹಣಕ್ಕೆ ಬಕ್ಷೀಸೆಂಬ ಹೆಸರಿತ್ತು. ಮಾರ್ಗದರ್ಶಿಗೆ ಎಷ್ಟು ಕೊಡಬೇಕು, ಕೊಡಲೇಬೇಕೇ ಎಂದು ಇಂದಿನ ಪ್ರವಾಸಿಗಳು ಪಡುವ ಗೊಂದಲದ ಒಂದು ಬೇರು ಅಲ್ಲಿದೆ.

ಆಟೊಮನ್ ಸಾಮ್ರಾಜ್ಯದಲ್ಲಿ ಬಕ್ಷೀಸು ಬೀದಿಯ ಮಾತಾಗುವುದಕ್ಕೆ ಬಹಳ ಹಿಂದೆಯೇ ಅರಮನೆಯ ವಾಡಿಕೆಯಾಗಿತ್ತು. ಹೊಸ ಸುಲ್ತಾನನು ಪಟ್ಟಕ್ಕೆ ಬಂದಾಗ ಜಾನಿಸರಿಗಳಿಗೆ, ಅಂದರೆ ಸುಲ್ತಾನನ ಖಾಸಾ ಕಾಲಾಳುಗಳಿಗೆ, ‘ಪಟ್ಟದ ಬಕ್ಷೀಸು’ ಹಂಚಬೇಕಿತ್ತು. 1566ರಲ್ಲಿ ಎರಡನೆಯ ಸೆಲೀಮನು ಸಿಂಹಾಸನವೇರಿದಾಗ ಇದು ಸಕಾಲಕ್ಕೆ ಬಾರದಿರಲು ಸೈನಿಕರು ತಿರುಗಿಬಿದ್ದು ಅದನ್ನು ಪಡೆದರು, 1774ರಲ್ಲಿ ಒಂದನೆಯ ಅಬ್ದುಲ್ ಹಮೀದನು ಬೊಕ್ಕಸ ಬರಿದಾಗಿದ್ದುದರಿಂದ ಅದನ್ನು ಕೈಬಿಟ್ಟನು. ಹೆಸರಿಗೆ ಒಡೆಯನ ಕೃಪೆಯಾಗಿದ್ದರೂ ರೂಢಿಯಲ್ಲಿ ಪಡೆಯುವವನ ಹಕ್ಕಾಗಿದ್ದ ಈ ಹಣದ ಇಬ್ಬಗೆಯ ಸ್ವಭಾವವನ್ನು ಹಿಡಿಯದೆ ಮುಂದಿನ ಕತೆ ಅರ್ಥವಾಗದು.

ತರ್ಜುಮಾನನ ಸ್ಥಾನವೂ ಮೊದಲಿಗೆ ಆಸ್ಥಾನದ್ದೇ. ಹದಿನೇಳನೆಯ ಶತಮಾನದ ನಡುವಿನಿಂದ 1821ರವರೆಗೆ ಇಸ್ತಾಂಬುಲಿನ ಮಹಾ ತರ್ಜುಮಾನ ಪದವಿಯು ಬಹುಮಟ್ಟಿಗೆ ಫನಾರ್ ಬಡಾವಣೆಯ ಗ್ರೀಕ್ ಮನೆತನಗಳ ಕೈಯಲ್ಲಿತ್ತು. ಆ ವರ್ಷ ಗ್ರೀಕರು ದಂಗೆಯೆದ್ದ ಮೇಲೆ ಅವರ ಮೇಲಿನ ನಂಬಿಕೆ ಹೋಗಿ, ಸರ್ಕಾರವು ತನ್ನದೇ ಒಂದು ಭಾಷಾಂತರ ಕಚೇರಿಯನ್ನು ತೆರೆದು ಅದಕ್ಕೆ ‘ತೆರ್ಜುಮೆ ಒದಸಿ’, ಎಂದರೆ ತರ್ಜುಮೆಯ ಕೋಣೆ, ಎಂದು ಹೆಸರಿಟ್ಟಿತು. ಕೈರೊ ನಗರದ ಹೋಟೆಲುಗಳ ಮುಂದೆ, ಹಿಂದಿನ ಗಿರಾಕಿಗಳು ಬರೆದುಕೊಟ್ಟ ಪ್ರಶಂಸಾಪತ್ರಗಳನ್ನು ಹಿಡಿದು ನಿಲ್ಲುತ್ತಿದ್ದ ತರ್ಜುಮಾನನು ಈ ದೊಡ್ಡ ಪರಂಪರೆಯ ಸಣ್ಣ ಕವಲು.

ಆದರೂ ಅವನ ಕೆಲಸ ಸಣ್ಣದಾಗಿರಲಿಲ್ಲ. ನೈಲ್ ನದಿಯ ಪ್ರವಾಸಕ್ಕೆ ‘ದಹಬಿಯಾ’ ಎಂಬ, ಮಲಗುವ ಕೋಣೆಗಳುಳ್ಳ ಹಾಯಿದೋಣಿಯನ್ನು ವಾರಗಟ್ಟಲೆ ಬಾಡಿಗೆಗೆ ಹಿಡಿಯಬೇಕಿದ್ದು, ಪ್ರವಾಸಿ ಮತ್ತು ತರ್ಜುಮಾನ ಇಬ್ಬರೂ ಒಪ್ಪಂದವೊಂದಕ್ಕೆ ಸಾಮಾನ್ಯವಾಗಿ ಕಾನ್ಸಲ್ ಕಚೇರಿಯಲ್ಲಿ ಸಹಿ ಹಾಕುತ್ತಿದ್ದರು. ಊಟ, ಅಡುಗೆಯವನು, ದಡದಲ್ಲಿ ಸವಾರಿಗೆ ಕತ್ತೆಗಳು, ಎಲ್ಲಿ ಎಷ್ಟು ದಿನ ತಂಗುವುದು ಎಂಬುದೆಲ್ಲ ಅದರಲ್ಲಿರುತ್ತಿತ್ತು, ಇಂಥ ಒಪ್ಪಂದದ ಮಾದರಿಗಳನ್ನು ಮಾರ್ಗದರ್ಶಿ ಪುಸ್ತಕಗಳೇ ಅಚ್ಚು ಹಾಕುತ್ತಿದ್ದವು. 1873–74ರ ಚಳಿಗಾಲದಲ್ಲಿ ‘ಫಿಲೆ’ ಎಂಬ ದಹಬಿಯಾದಲ್ಲಿ ಪಯಣಿಸಿದ ಇಂಗ್ಲಿಷ್ ಲೇಖಕಿ ಅಮೀಲಿಯಾ ಎಡ್ವರ್ಡ್ಸ್ ಅವರ ಗ್ರಂಥದಲ್ಲಿ ಈ ವ್ಯವಸ್ಥೆಯ ಸವಿವರ ಚಿತ್ರವಿದೆ. ಗಾಳಿ ಬಿದ್ದಾಗ ದಡದ ಮೇಲಿಂದ ಹಗ್ಗ ಹಿಡಿದು ಬಿಸಿಲಿನಲ್ಲಿ ಮೈಲುಗಟ್ಟಲೆ ದೋಣಿಯೆಳೆಯುತ್ತಿದ್ದ ನಾವಿಕರಿಗೆ ಈ ಒಪ್ಪಂದದಲ್ಲಿ ಹೆಸರಿರಲಿಲ್ಲ. ದೊಡ್ಡ ಊರು ತಲುಪಿದಾಗ ಕೊಡಿಸುವ ಕುರಿ, ಪಯಣ ಮುಗಿದಾಗ ಎಲ್ಲರಿಗೂ ಸೇರಿ ಸಲ್ಲುವ ಬಕ್ಷೀಸು, ಇವು ಕಾಗದದಲ್ಲಿ ಇಲ್ಲದ ಅವರ ದುಡಿಮೆಯ ಲೆಕ್ಕ. ಅದನ್ನು ಔದಾರ್ಯವೆಂದು ಕರೆಯುವುದಕ್ಕಿಂತ ಬಾಕಿಯೆಂದು ಕರೆಯುವುದೇ ಹೆಚ್ಚು ಸರಿ.

ಯುರೋಪ್, ಅಮೆರಿಕಗಳ ಬಹುಪಾಲು ಪ್ರವಾಸಿಗಳಿಗೆ ಇದು ಹಾಗೆ ಕಾಣಲಿಲ್ಲ. 1867ರಲ್ಲಿ ಗೀಜಾದ ಮಹಾ ಪಿರಮಿಡ್ಡನ್ನೇರಿದ ಅಮೆರಿಕದ ಮಾರ್ಕ್ ಟ್ವೈನ್, ಎರಡು ವರ್ಷಗಳ ತರುವಾಯ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ, ಮೇಜಿನೆತ್ತರದ ಮೆಟ್ಟಿಲುಗಳ ಮೇಲೆ ತನ್ನನ್ನು ಎಳೆದು ಹತ್ತಿಸಿದವರ ಬಕ್ಷೀಸಿನ ಬೇಡಿಕೆಯನ್ನು ದೊಡ್ಡ ಪೀಡೆಯಾಗಿ ವರ್ಣಿಸಿದನು. ಜರ್ಮನಿಯ ಬೇಡೆಕರ್ ಮಾರ್ಗದರ್ಶಿ ಪುಸ್ತಕವು ಸೇವೆ ಪಡೆಯದೆ ಬಕ್ಷೀಸು ಕೊಡಬಾರದೆಂದು ಎಚ್ಚರಿಸಿ, ನಿರಾಕರಿಸುವ ಅರಬ್ಬಿ ಮಾತುಗಳನ್ನೂ ಕಲಿಸಿತು. ಅವುಗಳಲ್ಲಿ ಒಂದಕ್ಕೆ ‘ದೇವರು ನಿನಗೆ ಕೊಡಲಿ’ ಎಂಬ ಅರ್ಥವಿದ್ದು, ಇಲ್ಲವೆನ್ನುವಾಗಲೂ ಎದುರಿನವನ ಮಾನ ಕಾಯುವ ಅದರ ಸೌಜನ್ಯ ಗಮನಾರ್ಹ. ಈ ಬೇಡಿಕೆಯನ್ನು ಪೂರ್ವದೇಶಗಳ ಜನರ ಹುಟ್ಟುಗುಣವೆಂದು ಬರೆದವರು ತಮ್ಮ ನಾಡಿನ ಚರಿತ್ರೆಯನ್ನು ಮರೆತಿದ್ದರು. ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಅತಿಥಿಗಳು ಹೊರಡುವಾಗ ಸಾಲಾಗಿ ನಿಂತ ಆಳುಗಳಿಗೆ ‘ವೇಲ್’ ಎಂಬ ಕಾಣಿಕೆ ಕೊಡಲೇಬೇಕಿತ್ತು. 1760ರ ದಶಕದಲ್ಲಿ ಸಮಾಜ ಸುಧಾರಕ ಜೋನಸ್ ಹ್ಯಾನ್ವೇ ಮೊದಲಾದವರು ಅದರ ವಿರುದ್ಧ ಬರೆದು, ಹಲವು ಒಡೆಯರು ಅದನ್ನು ನಿಲ್ಲಿಸಲು ಹೊರಟಾಗ, 1764ರಲ್ಲಿ ಲಂಡನ್ನಿನ ರಾನೆಲಾ ಉದ್ಯಾನದಲ್ಲಿ ಆಳುಗಳು ಗಲಭೆಯೆಬ್ಬಿಸಿದರು. ಸಂಬಳ ಕಡಿಮೆಯಿದ್ದು ಕಾಣಿಕೆಯೇ ಜೀವನವಾದವರು ಥೇಮ್ಸ್ ತೀರದಲ್ಲಿ ನಡೆದುಕೊಂಡದ್ದೂ ಹೀಗೆಯೇ.

ಸೂಯೆಜ್ ಕಾಲುವೆ ತೆರೆದ 1869ರಲ್ಲಿಯೇ ಇಂಗ್ಲೆಂಡಿನ ಪ್ರವಾಸ ಉದ್ಯಮಿ ಥಾಮಸ್ ಕುಕ್ ಎರಡು ಉಗಿದೋಣಿಗಳನ್ನು ಬಾಡಿಗೆಗೆ ಪಡೆದು ನೈಲ್ ನದಿಗೆ ತನ್ನ ಮೊದಲ ತಂಡವನ್ನು ಕರೆತಂದನು. ಹಣವನ್ನು ಊರಿನಲ್ಲಿಯೇ ಕಟ್ಟಿ ಪ್ರವಾಸದುದ್ದಕ್ಕೂ ಚೀಟಿ ತೋರಿಸುತ್ತ ಸಾಗುವ ಈ ಪದ್ಧತಿಯಲ್ಲಿ ಕತ್ತೆ, ಊಟ, ಮಾರ್ಗದರ್ಶಿ ಎಲ್ಲವೂ ಒಂದೇ ದರದೊಳಗೆ ಅಡಗಿದವು. ಒಪ್ಪಂದಕ್ಕೆ ಸಮಾನನಾಗಿ ಸಹಿ ಹಾಕುತ್ತಿದ್ದ ತರ್ಜುಮಾನನು ಕಂಪನಿಯ ಆಳಾದನು, ಚೌಕಾಸಿಯಿಂದ ಅವನಿಗೆ ಉಳಿಯುತ್ತಿದ್ದ ಲಾಭ ಕಂಪನಿಯ ಪಾಲಾಯಿತು. ಎಲ್ಲವೂ ಸಂದಾಯವಾಗಿದೆಯೆಂಬ ಪ್ರವಾಸಿಯ ನಂಬಿಕೆ, ತನಗೆ ಸಂದದ್ದು ಅಲ್ಪವೆಂಬ ಮಾರ್ಗದರ್ಶಿಯ ಅರಿವು, ಇವೆರಡರ ನಡುವಿನ ಇಂದಿನ ಮುಜುಗರ ಬಹುಶಃ ಅಲ್ಲಿಂದಲೇ ಬಲಿಯಿತು.

ಈಜಿಪ್ಟ್ 1983ರ 121ನೆಯ ಕಾಯ್ದೆಯ ಮೂಲಕ ಮಾರ್ಗದರ್ಶಿಗಳ ವೃತ್ತಿಗೆ ಪರವಾನಗಿಯನ್ನೂ ಅವರದೇ ವೃತ್ತಿಸಂಘವನ್ನೂ ಕೊಟ್ಟಿತು. ಈಗ ಅವರನ್ನು ತರ್ಜುಮಾನರೆನ್ನದೆ ‘ಮುರ್ಷಿದ್’ ಎನ್ನುತ್ತಾರೆ. ಕಲಬುರಗಿ, ವಿಜಯಪುರಗಳ ಸೂಫಿ ಪರಂಪರೆಯಲ್ಲಿ ದಾರಿ ತೋರುವ ಗುರುವಿಗೆ ಸಲ್ಲುವ ಹೆಸರೂ ಇದೇ. ಲಕ್ಸರ್ ಮತ್ತು ಅಸ್ವಾನ್ ನಡುವೆ ಸಂಚರಿಸುವ ಪ್ರವಾಸಿ ಹಡಗುಗಳಲ್ಲಿ ಕೊನೆಯ ದಿನ ಮುರ್ಷಿದನ ಕೈಗೆ ಲಕೋಟೆಯೊಂದನ್ನು ಪ್ರತ್ಯೇಕವಾಗಿ ಕೊಡುವುದೂ, ಅಡುಗೆಮನೆ ಮತ್ತು ಯಂತ್ರದ ಕೋಣೆಗಳಲ್ಲಿ ಕಣ್ಣಿಗೆ ಬೀಳದೆ ದುಡಿದವರಿಗಾಗಿ ಸ್ವಾಗತದ ಮೇಜಿನ ಬಳಿಯಿರುವ ಪೆಟ್ಟಿಗೆಗೆ ಹಣ ಹಾಕುವುದೂ ವಾಡಿಕೆಯಾಗಿದ್ದು, ದಹಬಿಯಾ ಎಳೆದವರ ಪಾಲು ಇಂದಿಗೂ ಹೀಗೆ ಎಲ್ಲರಿಗೂ ಸೇರಿಯೇ ಸಲ್ಲುತ್ತಿದೆ.