ಮೂಕಿ ಚಿತ್ರಗಳ ಕಾಲದ ತಾರಾಚಿತ್ರ, ಕರಪತ್ರಗಳು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಹುಡುಕುವವರಿಗೆ

ಗುಬ್ಬಿ ವೀರಣ್ಣನವರ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ 1930ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ತಯಾರಿಸಿದ ‘ಹಿಸ್ ಲವ್ ಅಫೇರ್’, ‘ಹರಿಮಾಯಾ’ ಮುಂತಾದ ಮೂಕಿ ಚಿತ್ರಗಳನ್ನು ಇಂದು ಯಾರೂ ನೋಡಲಾರರು. ಮೋಹನ್ ಭವನಾನಿ ನಿರ್ದೇಶನದಲ್ಲಿ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ, ಏಣಾಕ್ಷಿ ರಾಮರಾವ್ ಅಭಿನಯಿಸಿದ ‘ಮೃಚ್ಛಕಟಿಕ’ದ ಸ್ಥಿತಿಯೂ ಅದೇ. 1934ರ ಮಾರ್ಚ್ 3ರಂದು ತೆರೆ ಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯೂ ಉಳಿದಿಲ್ಲ. ಇವುಗಳ ಕುರಿತು ಇಂದು ತಿಳಿದಿರುವುದೆಲ್ಲ ಕೆಲವು ಸ್ಥಿರಚಿತ್ರಗಳು, ಪತ್ರಿಕಾ ಜಾಹೀರಾತುಗಳು, ಕರಪತ್ರಗಳು ಹಾಗೂ ಕಲಾವಿದರ ನೆನಪುಗಳಿಂದ ಬಂದದ್ದು. ಚಿತ್ರ ಹೋಯಿತು, ಕಾಗದ ಉಳಿಯಿತು. ಹಳೆಯ ತಾರೆಯರ ಭಾವಚಿತ್ರಗಳನ್ನೂ ಸಿನಿಮಾ ಕಾಗದಗಳನ್ನೂ ಸಂಗ್ರಹಿಸುವ ಹವ್ಯಾಸಕ್ಕೆ ಕನ್ನಡದ ಮಟ್ಟಿಗೆ ಇತಿಹಾಸ ರಕ್ಷಣೆಯ ಮಹತ್ವ ಬಂದಿರುವುದು ಈ ಕಾರಣದಿಂದ.

ಭಾರತದಲ್ಲಿ 1913ರ ‘ರಾಜಾ ಹರಿಶ್ಚಂದ್ರ’ದಿಂದ 1934ರವರೆಗೆ ಸುಮಾರು 1300 ಮೂಕಿ ಚಿತ್ರಗಳು ತಯಾರಾದವೆಂಬ ಅಂದಾಜಿದೆ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗುವ ವೇಳೆಗೆ ಅವುಗಳಲ್ಲಿ ಬಹುಪಾಲು ನಾಶವಾಗಿದ್ದವು. ರೀಲಿನಲ್ಲಿದ್ದ ಬೆಳ್ಳಿಯ ಅಂಶಕ್ಕಾಗಿ ಚಿತ್ರಗಳನ್ನು ತೂಕಕ್ಕೆ ಮಾರಿದ್ದು ಇದಕ್ಕೆ ಒಂದು ಮುಖ್ಯ ಕಾರಣ. ಉಳಿದವು ಬೆರಳೆಣಿಕೆಯಷ್ಟು, ಅವುಗಳಲ್ಲೂ ಹಲವು ಬರಿಯ ತುಣುಕುಗಳು. ತಿರುವಾಂಕೂರಿನ ‘ಮಾರ್ತಾಂಡ ವರ್ಮ’ ಉಳಿದ ಬಗೆ ಸ್ವಾರಸ್ಯಕರ. ಕೃತಿಸ್ವಾಮ್ಯದ ವ್ಯಾಜ್ಯದಲ್ಲಿ ಸಿಕ್ಕಿದ ಅದರ ಪ್ರತಿ ಮೂಲ ಕಾದಂಬರಿಯ ಪ್ರಕಾಶಕರಾದ ತಿರುವನಂತಪುರದ ಕಮಲಾಲಯ ಬುಕ್ ಡಿಪೋದಲ್ಲಿ ಬಿದ್ದಿತ್ತು. 1974ರಲ್ಲಿ ಸಂಗ್ರಹಾಲಯ ಅದನ್ನು ಪಡೆಯಿತು. ಮೊಕದ್ದಮೆ ನಡೆಯದಿದ್ದರೆ ಆ ಚಿತ್ರವೂ ಇಂದು ಹೆಸರಿಗಷ್ಟೇ ಉಳಿದಿರುತ್ತಿತ್ತು.

ಈ ಸೀಮೆಯೇ ಏಕೆ?

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಅಂಚಿನ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಸಿನಿಮಾ ತಯಾರಿಕೆಯ ಕೇಂದ್ರಗಳಾಗಿರಲಿಲ್ಲ. ಶೇಂಗಾ ಎಣ್ಣೆಯ ಗಾಣಗಳಿಂದ ಹೆಸರಾದ ಊರು ಒಂದು, ರೇಷ್ಮೆ ಸೀರೆಯ ಮಗ್ಗಗಳಿಂದ ಹೆಸರಾದುದು ಇನ್ನೊಂದು. ಜಿಲ್ಲೆಯ ಜನರಿಗೆ ‘ಹಳೆಯ ಸಿನಿಮಾ’ ಎಂದೊಡನೆ ನೆನಪಾಗುವುದು ತಳುಕಿನ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ಬಂದ ‘ನಾಗರಹಾವು’. ಅದಕ್ಕೂ ನಲವತ್ತು ವರ್ಷ ಹಿಂದಿನ ಕಾಗದವೊಂದು ಅಟ್ಟದ ಮೇಲಿದ್ದರೆ ಅದು ಗುಜರಿಗೆ ಹೋಗುವ ಸಂಭವವೇ ಹೆಚ್ಚು.

ಆದರೂ ಹುಡುಕುವವರಿಗೆ ಈ ಸೀಮೆಯಲ್ಲಿ ಎರಡು ಅನುಕೂಲಗಳಿವೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಚಳ್ಳಕೆರೆ ಸೇರುತ್ತದೆ. ಕರಾವಳಿಯ ಮನೆಗಳಲ್ಲಿ ಬೂಷ್ಟು ಹಿಡಿದು ಅಂಟಿಕೊಳ್ಳುವ ಫೋಟೋಗಳು ಇಲ್ಲಿನ ಒಣ ಹವೆಯಲ್ಲಿ ಬಹುಕಾಲ ಬಾಳುತ್ತವೆ. ಎರಡನೆಯದು ಗಡಿ. 1953ರವರೆಗೆ ಬಳ್ಳಾರಿ, ರಾಯದುರ್ಗಗಳು ಮದರಾಸು ಆಡಳಿತದಲ್ಲಿದ್ದವು. ಮೈಸೂರು ಸಂಸ್ಥಾನದ ಮೊಳಕಾಲ್ಮೂರು ಅವುಗಳ ನಡುವೆ ಚಾಚಿಕೊಂಡಿತ್ತು. ಹೀಗಾಗಿ ಬೆಂಗಳೂರಿನಲ್ಲಿ ಅಚ್ಚಾದ ಕನ್ನಡ ಕರಪತ್ರವೂ ಮದರಾಸಿನ ಕಡೆಯಿಂದ ಬಂದ ತೆಲುಗು ಕರಪತ್ರವೂ ಒಂದೇ ಟ್ರಂಕಿನಲ್ಲಿ ದೊರೆತರೆ ಆಶ್ಚರ್ಯಪಡಬೇಕಿಲ್ಲ. ಮೂಕಿ ಚಿತ್ರಕ್ಕೆ ಭಾಷೆಯ ಹಂಗಿರಲಿಲ್ಲ. ದೃಶ್ಯಗಳ ನಡುವಿನ ಶೀರ್ಷಿಕೆಗಳನ್ನು ಓದಿ ಹೇಳುವವನೊಬ್ಬ, ಹಾರ್ಮೋನಿಯಂ, ತಬಲಾ ಇದ್ದರೆ ಸಾಕಾಗುತ್ತಿತ್ತು. ದೀಪದ ಮುಂದಿನ ಬಿಳಿ ಪರದೆಯ ಮೇಲೆ ತೊಗಲುಗೊಂಬೆಗಳ ರಾಮಾಯಣ ನೋಡಿ ಬೆಳೆದ ಬಯಲುಸೀಮೆಯ ಪ್ರೇಕ್ಷಕನಿಗೆ ಪರದೆಯ ಮೇಲಿನ ಆಟ ಅಷ್ಟೇನೂ ಅಪರಿಚಿತವಾಗಿರಲಾರದು.

ದಕ್ಷಿಣ ಭಾರತದಲ್ಲಿ ಸಂಚಾರಿ ಚಿತ್ರಪ್ರದರ್ಶನಕ್ಕೆ ಹಾದಿ ಹಾಕಿದವರು 1905ರಲ್ಲಿ ಫ್ರೆಂಚ್ ಪ್ರದರ್ಶಕನೊಬ್ಬನಿಂದ ಯಂತ್ರ ಕೊಂಡ ಸ್ವಾಮಿಕಣ್ಣು ವಿನ್ಸೆಂಟ್. ಅನಂತರದ ಟೆಂಟ್ ಸಿನಿಮಾಗಳು ಎಲ್ಲೆಡೆ ಜಾತ್ರೆ, ಸಂತೆಗಳನ್ನು ಹಿಂಬಾಲಿಸಿದವು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ, ಗೌರಸಮುದ್ರದ ಮಾರಮ್ಮನ ಜಾತ್ರೆಯಂತಹ ದೊಡ್ಡ ಜನಸಂದಣಿ ಈ ಸೀಮೆಯಲ್ಲಿದೆ. ಜಾತ್ರೆಯಲ್ಲಿ ತಲೆಮಾರುಗಳಿಂದ ಅಂಗಡಿ ಹೂಡುವ ಮನೆತನಗಳು, ಹಳೆಯ ಮುದ್ರಣಾಲಯಗಳು, ನಾಟಕ ಕಂಪನಿಗಳಿಗೆ ಮನೆ ಬಾಡಿಗೆ ಕೊಟ್ಟವರು, ಫೋಟೋ ಕಟ್ಟು ಹಾಕುವವರು ಇವರನ್ನು ವಿಚಾರಿಸುವುದೇ ಹುಡುಕಾಟದ ಸರಿಯಾದ ಆರಂಭ. ಬೆಂಗಳೂರಿನ ಅವೆನ್ಯೂ ರಸ್ತೆ, ಮುಂಬಯಿಯ ಚೋರ್ ಬಜಾರ್‌ಗಳಲ್ಲಿ ಈಗ ಸಿಗುವುದು ವ್ಯಾಪಾರಿಗಳ ಕೈ ದಾಟಿ ಬಂದ ಸರಕು. ಅದು ಯಾವ ಊರಿನದು, ಯಾರದು ಎಂಬ ಮಾಹಿತಿ ಅಲ್ಲಿಗೆ ಬರುವಷ್ಟರಲ್ಲಿ ಕಳೆದುಹೋಗಿರುತ್ತದೆ.

ಏನೇನು ಸಿಗಬಹುದು

ಆ ಕಾಲದ ಟೆಂಟ್‌ಗಳಲ್ಲಿ ಓಡುತ್ತಿದ್ದುದು ಹೆಚ್ಚಾಗಿ ವಿದೇಶೀ ಚಿತ್ರಗಳು. 1927–28ರ ಭಾರತೀಯ ಸಿನಿಮಾಟೊಗ್ರಾಫ್ ಸಮಿತಿಯ ವರದಿಯಲ್ಲೂ ಅಮೆರಿಕದ ಚಿತ್ರಗಳ ಪ್ರಾಬಲ್ಯ ದಾಖಲಾಗಿದೆ. ಆದ್ದರಿಂದ ಚಾರ್ಲಿ ಚಾಪ್ಲಿನ್, ‘ಥೀಫ್ ಆಫ್ ಬಾಗ್ದಾದ್’ನ ಡಗ್ಲಾಸ್ ಫೇರ್‌ಬ್ಯಾಂಕ್ಸ್, ಸಾಹಸ ಧಾರಾವಾಹಿಗಳ ಎಡ್ಡಿ ಪೋಲೊ ಇವರ ಅಂಚೆಕಾರ್ಡು ಗಾತ್ರದ ಚಿತ್ರಗಳು ಸಿಕ್ಕರೆ ಅವನ್ನು ಪರದೇಶದ್ದೆಂದು ತಳ್ಳಿಹಾಕಬಾರದು. ದೇಶೀಯ ತಾರೆಯರಲ್ಲಿ ಜುಬೇದಾ, ಗೋಹರ್, ಪೇಷನ್ಸ್ ಕೂಪರ್, ಸೀತಾದೇವಿ, ಮಾಸ್ಟರ್ ವಿಠ್ಠಲ್, ರಾಜಾ ಸ್ಯಾಂಡೊ ಮುಖ್ಯರು. ಎಲ್ಲರಿಗಿಂತ ಹೆಚ್ಚು ಬೇಡಿಕೆಯಿದ್ದ ಮುಖ ಸುಲೋಚನಾ ಅವರದು. ಪುಣೆಯಲ್ಲಿ ಹುಟ್ಟಿದ ಇವರ ನಿಜ ನಾಮ ರೂಬಿ ಮೈಯರ್ಸ್. ಟೆಲಿಫೋನ್ ಆಪರೇಟರ್ ಆಗಿದ್ದ ಅವರು 1920ರ ದಶಕದ ಕೊನೆಗೆ ದೇಶದ ಅತ್ಯಂತ ಜನಪ್ರಿಯ ನಟಿಯಾದರು. 1973ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕರಪತ್ರದಲ್ಲಿ ‘ಸುಲೋಚನಾ’ ಎಂದಿದ್ದರೆ ಅದು ಈ ನಟಿಯೂ ಆಗಿರಬಹುದು, ತ್ರಿಪುರಾಂಬ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಅಭಿನಯದ ಕನ್ನಡ ವಾಕ್ಚಿತ್ರವೂ ಆಗಿರಬಹುದು. ಎರಡರ ಮಹತ್ವವೂ ಬೇರೆ ಬೇರೆ.

ದೇವರ ಚಿತ್ರಗಳ ಚೌಕಟ್ಟುಗಳನ್ನು ಪರೀಕ್ಷಿಸುವುದೂ ಲೇಸು. ಫಾಲ್ಕೆ ಅವರು ಚಿತ್ರ ತಯಾರಿಕೆಗೆ ಬರುವ ಮುನ್ನ ರವಿವರ್ಮ ಮುದ್ರಣಾಲಯದಲ್ಲಿ ಕೆಲಸ ಮಾಡಿದವರು. ಆರಂಭದ ಪೌರಾಣಿಕ ಚಿತ್ರಗಳ ನಿಲುವು, ಉಡುಗೆಗಳಲ್ಲಿ ರವಿವರ್ಮನ ಛಾಯೆ ಎದ್ದು ಕಾಣುತ್ತದೆ. 1917ರ ‘ಲಂಕಾದಹನ’ದಲ್ಲಿ ರಾಮನಾಗಿಯೂ ಸೀತೆಯಾಗಿಯೂ ನಟಿಸಿದವರು ಸಾಳುಂಕೆ ಎಂಬ ಒಬ್ಬರೇ. 1919ರ ‘ಕಾಳಿಯ ಮರ್ದನ’ದ ಬಾಲಕೃಷ್ಣ ಫಾಲ್ಕೆಯವರ ಮಗಳು ಮಂದಾಕಿನಿ. ಪೂಜೆಯ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ನಿಂತ ಕೃಷ್ಣನ ಫೋಟೋ ನಿಜವಾಗಿ ಚಲನಚಿತ್ರದ ಸ್ಥಿರಚಿತ್ರವಾಗಿರುವುದು ಅಸಂಭವವೇನಲ್ಲ. ಅಂತಹುದನ್ನು ಮನೆಯವರಿಂದ ಕೇಳಿ ಪಡೆಯುವುದಕ್ಕಿಂತ, ಅಲ್ಲೇ ಒಂದು ಛಾಯಾಪ್ರತಿ ತೆಗೆದುಕೊಂಡು ಬಿಟ್ಟುಬರುವುದು ಉಚಿತ.

ಇವಲ್ಲದೆ ಮಧ್ಯಂತರದಲ್ಲಿ ತೋರಿಸುತ್ತಿದ್ದ ಗಾಜಿನ ಸ್ಲೈಡುಗಳು, ಕಥಾಸಾರದ ಪುಸ್ತಿಕೆಗಳು, ಟಿಕೆಟ್ಟಿನ ಅರ್ಧಗಳು, ಪ್ರದರ್ಶನದ ಪರವಾನಗಿ ಪತ್ರಗಳು ಸಿಗಬಹುದು. ಪದ್ಯಾವಳಿಗಳು ವಾಕ್ಚಿತ್ರಗಳೊಂದಿಗೆ ಬಂದವು. ಭಿತ್ತಿಚಿತ್ರಗಳು ಮಾತ್ರ ತೀರಾ ವಿರಳ. ಗೋಡೆಗೆ ಅಂಟಿಸಿದ್ದನ್ನು ಯಾರು ತಾನೇ ಉಳಿಸಿಯಾರು? ಬಾಬೂರಾವ್ ಪೇಂಟರ್ ಅವರ 1924ರ ‘ಕಲ್ಯಾಣ ಖಜಿನಾ’ದ ಭಿತ್ತಿಚಿತ್ರವನ್ನು ದೇಶದಲ್ಲಿ ಉಳಿದಿರುವ ಅತ್ಯಂತ ಹಳೆಯವುಗಳಲ್ಲಿ ಎಣಿಸಲಾಗುತ್ತದೆ.

ಅಸಲಿಯೋ, ನಕಲಿಯೋ

ಮೊದಲು ಭೂತಗನ್ನಡಿ ಹಿಡಿಯಬೇಕು. ಚಿತ್ರ ಸಣ್ಣ ಸಣ್ಣ ಚುಕ್ಕಿಗಳಿಂದ ಕೂಡಿದ್ದರೆ ಅದು ಮುದ್ರಿತ ಪ್ರತಿ. ನುಣುಪಾಗಿ ಛಾಯೆ ಕರಗಿದಂತಿದ್ದರೆ ನಿಜವಾದ ಫೋಟೋ. ಹಳೆಯ ಬ್ರೋಮೈಡ್ ಫೋಟೋಗಳ ಕಪ್ಪು ಭಾಗದ ಅಂಚಿನಲ್ಲಿ ಓರೆಯಾಗಿ ನೋಡಿದಾಗ ಬೆಳ್ಳಿಯ ಹೊಳಪು ಕಾಣಿಸುತ್ತದೆ. ಅದನ್ನು ಕೊಳೆಯೆಂದು ಒರೆಸಬಾರದು.

ಇನ್ನೊಂದು ಪರೀಕ್ಷೆಗೆ ಚಳ್ಳಕೆರೆಯ ಯಾವುದೇ ಮಂಡಿ ಅಂಗಡಿಗೆ ಹೋದರಾಯಿತು. ನೋಟು ಪರೀಕ್ಷಿಸುವ ನೀಲಿ ದೀಪದ ಕೆಳಗೆ ಫೋಟೋದ ಹಿಂಬದಿಯನ್ನು ಹಿಡಿಯಬೇಕು. 1950ರ ದಶಕದಿಂದೀಚಿನ ಫೋಟೋ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವುದು ರೂಢಿಯಾಯಿತು. ಅಂತಹ ಕಾಗದ ಈ ಬೆಳಕಿನಲ್ಲಿ ಪ್ರಖರವಾಗಿ ಹೊಳೆಯುತ್ತದೆ. ಹೊಳೆದರೆ ಅದು ಮೂಕಿ ಕಾಲದ ಪ್ರತಿಯಲ್ಲವೆಂದು ಹೇಳಬಹುದು. ಹೊಳೆಯದಿದ್ದ ಮಾತ್ರಕ್ಕೆ ಹಳೆಯದೆಂದು ಸಿದ್ಧವಾಗುವುದಿಲ್ಲ, ಏಕೆಂದರೆ ಈ ರಾಸಾಯನಿಕವಿಲ್ಲದ ಕಾಗದ ಅನಂತರವೂ ಬಳಕೆಯಲ್ಲಿತ್ತು.

ಕರಪತ್ರಗಳ ಕಾಲ ತಿಳಿಯಲು ಅವುಗಳಲ್ಲಿನ ಮಾತುಗಳೇ ನೆರವಾಗುತ್ತವೆ. ‘ಟಾಕಿ’, ‘ಮೂವಿಟೋನ್’ ಎಂಬ ಪದ ಭಾರತೀಯ ಚಿತ್ರದ ಜೊತೆಗಿದ್ದರೆ ಅದು 1931ರ ‘ಆಲಂ ಆರಾ’ದ ನಂತರದ್ದು. ಟಿಕೆಟ್ ದರ ಆಣೆಗಳಲ್ಲಿದ್ದರೆ ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು. ಇಂಗ್ಲಿಷ್ ಭಾಗದಲ್ಲಿ ಚಿತ್ರದುರ್ಗವನ್ನು ‘ಚಿತಲ್‌ಡ್ರೂಗ್’ ಎಂದು ಬರೆದಿದ್ದರೆ ಅದೂ ಹಳೆಯ ಕಾಲದ ಗುರುತು. ಕೆಳ ಅಂಚಿನಲ್ಲಿನ ಮುದ್ರಣಾಲಯದ ಹೆಸರನ್ನು ಬಹಳ ಜನ ಕತ್ತರಿಸಿ ಚೌಕಟ್ಟು ಹಾಕಿಸುತ್ತಾರೆ. ಇಡೀ ಕಾಗದದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಲು ಅದೇ.

ಕಾಪಿಡುವ ಕ್ರಮ

ಲ್ಯಾಮಿನೇಷನ್, ಅಂಟುಪಟ್ಟಿ, ಅಗ್ಗದ ಪ್ಲಾಸ್ಟಿಕ್ ಆಲ್ಬಂ ಈ ಮೂರೂ ಕಾಗದದ ಶತ್ರುಗಳು. ಲ್ಯಾಮಿನೇಷನ್ ಮಾಡಿದ ಕಾಗದವನ್ನು ಹಿಂದಿನ ಸ್ಥಿತಿಗೆ ತರುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆಮ್ಲರಹಿತ ಕಾಗದ ಅಥವಾ ಪಾಲಿಯೆಸ್ಟರ್ ಲಕೋಟೆ ಉತ್ತಮ. ಅವು ದೊರೆಯದ ಕಡೆ ಚೆನ್ನಾಗಿ ಒಗೆದು ಒಣಗಿಸಿದ ಹಳೆಯ ಹತ್ತಿ ಬಟ್ಟೆ ಸಾಕು. ಮೊಳಕಾಲ್ಮೂರಿನ ನೇಕಾರ ಮನೆಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಜರಿ ಸೀರೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮಡಿಕೆಯಲ್ಲೇ ಸೀಳುತ್ತದೆಂಬುದು ಅವರಿಗೆ ಗೊತ್ತು. ಸೀರೆಯನ್ನಾದರೆ ಆಗಾಗ ಮಡಿಕೆ ಬದಲಿಸಿ ಇಡಬಹುದು, ಕಾಗದಕ್ಕೆ ಅದೂ ಸಲ್ಲದು. ಅದನ್ನು ಚಪ್ಪಟೆಯಾಗಿಯೇ ಇಡಬೇಕು. ಒಣ ಸೀಮೆಯ ದೊಡ್ಡ ಪೀಡೆ ಗೆದ್ದಲು. ಆದ್ದರಿಂದ ಪೆಟ್ಟಿಗೆ ನೆಲಕ್ಕೂ ಗೋಡೆಗೂ ತಾಗಬಾರದು.

ರೀಲು ಸಿಕ್ಕರೆ ಮಾತು ಬೇರೆ. 1950ರ ದಶಕದ ಆರಂಭದವರೆಗೆ ಚಿತ್ರಮಂದಿರಗಳಲ್ಲಿ ಬಳಕೆಯಲ್ಲಿದ್ದ 35 ಮಿ.ಮೀ. ರೀಲುಗಳು ಬಹುತೇಕ ನೈಟ್ರೇಟ್‌ನವು. ಉರಿಯಲು ಬೇಕಾದ ಆಮ್ಲಜನಕ ಅದರಲ್ಲೇ ಇರುವುದರಿಂದ ಅದು ನೀರಿನೊಳಗೂ ಉರಿಯುತ್ತದೆ. ಕೊಳೆತ ರೀಲು 40 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚಿನ ಶಾಖದಲ್ಲಿ ಬಹುದಿನ ಇದ್ದರೆ ತಾನೇ ಹೊತ್ತಿಕೊಳ್ಳಬಲ್ಲದು. ಏಪ್ರಿಲ್–ಮೇ ತಿಂಗಳಲ್ಲಿ ಚಳ್ಳಕೆರೆಯ ತಗಡಿನ ಛಾವಣಿಯ ಕೋಣೆ ಎಷ್ಟು ಕಾಯುತ್ತದೆಂಬುದನ್ನು ಊರಿನವರೇ ಬಲ್ಲರು. 2003ರ ಜನವರಿ 8ರಂದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ಉಗ್ರಾಣದಲ್ಲಿ ಬೆಂಕಿ ಬಿದ್ದು ಸಂಗ್ರಹಾಲಯದ ಅಮೂಲ್ಯ ನೈಟ್ರೇಟ್ ರೀಲುಗಳು ಸುಟ್ಟುಹೋದವು. ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಪದವಿಲ್ಲದ, ಅಂಟಂಟಾದ, ಕಂದು ಪುಡಿ ಉದುರುವ ಅಥವಾ ಘಾಟು ವಾಸನೆಯ ರೀಲನ್ನು ಬಿಚ್ಚಲೂ ಹೋಗದೆ, ವಾಸದ ಮನೆಯಿಂದ ದೂರ ತಂಪಾದ ನೆರಳಿನಲ್ಲಿಟ್ಟು ಸಂಗ್ರಹಾಲಯಕ್ಕೆ ತಿಳಿಸಬೇಕು. ಬಸ್ಸಿನಲ್ಲಾಗಲೀ ರೈಲಿನಲ್ಲಾಗಲೀ ಸಾಗಿಸಲೇಬಾರದು.

ಒಡೆತನದ ಪ್ರಶ್ನೆ

ಸಂಗ್ರಾಹಕನ ಕಾಲಾನಂತರ ಸಂಗ್ರಹದ ಗತಿಯೇನು ಎಂಬುದಕ್ಕೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಉದಾಹರಣೆ. ಅಲ್ಲಿ ನೆಲೆಸಿದ್ದ ದೇವಿಕಾರಾಣಿ ವಾಕ್ಚಿತ್ರ ಯುಗದ ತಾರೆಯಾದರೂ ಚಿತ್ರರಂಗದ ಮೊದಲ ಹೆಜ್ಜೆ ಇಟ್ಟದ್ದು 1929ರ ಮೂಕಿ ಚಿತ್ರ ‘ಎ ಥ್ರೋ ಆಫ್ ಡೈಸ್’ಗೆ ತೆರೆಮರೆಯಲ್ಲಿ ದುಡಿಯುವ ಮೂಲಕ. ಪತಿ ಸ್ವೆತೊಸ್ಲಾವ್ ರೋರಿಕ್ 1993ರ ಜನವರಿಯಲ್ಲೂ ಆಕೆ 1994ರ ಮಾರ್ಚ್‌ನಲ್ಲೂ ನಿಧನರಾದರು. ದಂಪತಿಗೆ ಮಕ್ಕಳಿರಲಿಲ್ಲ. ಎಸ್ಟೇಟನ್ನು ವಶಪಡಿಸಿಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆಯನ್ನೇ ತಂದಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು 2011ರಲ್ಲಿ. ಇಷ್ಟು ಪ್ರಸಿದ್ಧರ ವಸ್ತುಗಳೇ ವರ್ಷಾನುಗಟ್ಟಲೆ ವ್ಯಾಜ್ಯದ ನೆರಳಿನಲ್ಲಿ ಕಳೆದವೆಂದ ಮೇಲೆ, ತಾಲ್ಲೂಕು ಕೇಂದ್ರದ ಸಾಮಾನ್ಯ ಸಂಗ್ರಾಹಕ ಒಂದು ಪಟ್ಟಿ ಹಾಗೂ ಉಯಿಲನ್ನಾದರೂ ಬರೆದಿಡುವುದು ಅವಶ್ಯ.

ಮಾರುವವರಿಗೂ ಒಂದು ಸೂಚನೆ. ಐತಿಹಾಸಿಕ ಮಹತ್ವದ, 100 ವರ್ಷ ದಾಟಿದ ವಸ್ತುಗಳು 1972ರ ಪುರಾತತ್ವ ಹಾಗೂ ಕಲಾ ನಿಧಿಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ. 1920ರ ದಶಕದ ಆರಂಭದ ಕಾಗದಗಳು ಈಗ ಈ ಗಡಿಯನ್ನು ದಾಟಿವೆ.

ಕೊಡಲಿಚ್ಛಿಸುವವರಿಗೆ ಪುಣೆಯ ರಾಷ್ಟ್ರೀಯ ಸಂಗ್ರಹಾಲಯ (2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡಿದೆ), ಬೆಂಗಳೂರಿನ ಕರ್ನಾಟಕ ಚಲನಚಿತ್ರ ಅಕಾಡೆಮಿ ಮತ್ತು ರಾಜ್ಯ ಪತ್ರಾಗಾರ ಇಲಾಖೆಗಳನ್ನು ಸಂಪರ್ಕಿಸುವ ದಾರಿಯಿದೆ. ಮೂಲವನ್ನು ಬಿಡಲೊಲ್ಲದವರು ಸ್ಕ್ಯಾನ್ ಪ್ರತಿಯನ್ನಾದರೂ ಒದಗಿಸಬಹುದು. ಎರಡೂ ಬಗೆಯಲ್ಲಿ ಜೊತೆಗೊಂದು ಚೀಟಿ ಇರಬೇಕು: ಯಾವ ಊರು, ಯಾರ ಮನೆ, ಯಾವ ಪೆಟ್ಟಿಗೆ, ಜೊತೆಯಲ್ಲಿ ಇನ್ನೇನಿತ್ತು. ಫೋಟೋದ ಹಿಂಬದಿಯಲ್ಲಿ ಬರೆಯಲೇಬೇಕಾದರೆ ಅಂಚಿನಲ್ಲಿ, ಮೃದುವಾದ ಪೆನ್ಸಿಲ್ಲಿನಿಂದ ಮಾತ್ರ.