ಆತ್ಮದ ಪ್ರಶ್ನೆಯಿಂದ ದೇಹದ ಪ್ರಶ್ನೆಗೆ: ಗರ್ಭಪಾತ ಸಮರ್ಥನೆಗೆ ಕ್ರೈಸ್ತ ಚಿಂತಕರು ಕೊಟ್ಟ ಉತ್ತರಗಳ ಚರಿತ್ರೆ

ಗರ್ಭಪಾತವನ್ನು ವಿರೋಧಿಸುವ ಕ್ರೈಸ್ತರ ಬಳಿ ಬೈಬಲ್ಲಿನ ವಚನಗಳಲ್ಲದೆ ಬೇರೆ ಆಧಾರವಿಲ್ಲ ಎಂಬ ನಂಬಿಕೆ ಅವರ ಎದುರಾಳಿಗಳಲ್ಲಿ ಮಾತ್ರವಲ್ಲ, ಅನೇಕ ಕ್ರೈಸ್ತರಲ್ಲೂ ಇದೆ. ಕಳೆದ ಐದು ದಶಕಗಳ ಬರಹಗಳನ್ನು ಒಂದರ ಹಿಂದೊಂದು ಓದಿದರೆ ಕಾಣುವುದೇ ಬೇರೆ. 1970ರ ಈಚೆಗೆ ಈ ಚಿಂತಕರ ಮುಖ್ಯ ವಾದಗಳಲ್ಲಿ ಆತ್ಮದ ಪ್ರಸ್ತಾಪ ವಿರಳವಾಗುತ್ತ ಹೋಗಿ, ಆ ಜಾಗದಲ್ಲಿ ದೇಹ ಬಂದು ಕೂತಿದೆ. ಈ ಪಲ್ಲಟವನ್ನು ಮಾಡಿಸಿದವರು ಬಹುಮಟ್ಟಿಗೆ ಎದುರಾಳಿಗಳೇ ಎಂಬುದು ಈ ಲೇಖನದ ನಿಲುವು.

ನಿಷೇಧವೇನೋ ಹಳೆಯದು. ಒಂದನೆಯ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ ‘ಡಿಡಾಕೆ’ ಎಂಬ ಬೋಧನಾಗ್ರಂಥದಲ್ಲೇ ಅದು ಇದೆ. ಆದರೆ ನಿಷೇಧಕ್ಕೆ ಕೊಟ್ಟ ಕಾರಣ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಸಿಸೇರಿಯಾದ ಬೇಸಿಲ್, ಭ್ರೂಣಕ್ಕೆ ಆಕಾರ ಬಂದಿದೆಯೇ ಇಲ್ಲವೇ ಎಂಬ ಲೆಕ್ಕಾಚಾರವನ್ನೇ ತಳ್ಳಿಹಾಕಿದ್ದ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಮಾತ್ರ ಅರಿಸ್ಟಾಟಲನ ಹಾದಿ ಹಿಡಿದು, ಮೊದಲು ಸಸ್ಯದಂಥ ಜೀವ, ಆಮೇಲೆ ಪ್ರಾಣಿಯಂಥ ಜೀವ, ಕೊನೆಗೆ ವಿವೇಕವುಳ್ಳ ಆತ್ಮ ಬರುತ್ತದೆ ಎಂದ. ಮೊದಲ ದಿನಗಳ ಗರ್ಭಪಾತವೂ ಅವನಿಗೆ ಘೋರ ಪಾಪವೇ, ಆದರೆ ನರಹತ್ಯೆಯಲ್ಲ. ಧರ್ಮಸಭೆಯ ಶಿಕ್ಷಾನಿಯಮವೂ ಇದೇ ಗೊಂದಲದಲ್ಲಿ ಹೊಯ್ದಾಡಿತು. 1588ರಲ್ಲಿ ಪೋಪ್ ಐದನೆಯ ಸಿಕ್ಸ್ಟಸ್ ಎಲ್ಲ ಹಂತಗಳಿಗೂ ಒಂದೇ ಶಿಕ್ಷೆ ವಿಧಿಸಿದರೆ, ಮೂರೇ ವರ್ಷಗಳಲ್ಲಿ ಹದಿನಾಲ್ಕನೆಯ ಗ್ರೆಗರಿ ಹಳೆಯ ವ್ಯತ್ಯಾಸವನ್ನು ಮರಳಿ ತಂದ. ಅದು ಶಿಕ್ಷಾನಿಯಮದಿಂದ ಮಾಯವಾದದ್ದು 1869ರಲ್ಲಿ, ಒಂಬತ್ತನೆಯ ಪಯಸ್‌ನ ಕಾಲದಲ್ಲಿ.

ಅಷ್ಟರಲ್ಲಿ ವಿಜ್ಞಾನ ಮುಂದೆ ಸಾಗಿತ್ತು. 1827ರಲ್ಲಿ ಕಾರ್ಲ್ ಫಾನ್ ಬೇರ್ ಸಸ್ತನಿಗಳ ಅಂಡಾಣುವನ್ನು ಕಂಡುಹಿಡಿದ. 1870ರ ದಶಕದಲ್ಲಿ ಆಸ್ಕರ್ ಹರ್ಟ್‌ವಿಗ್ ಕಡಲ ಮುಳ್ಳುಜೀವಿಗಳಲ್ಲಿ ಅಂಡ ಮತ್ತು ವೀರ್ಯಾಣುಗಳ ಕೋಶಕೇಂದ್ರಗಳು ಕೂಡುವುದನ್ನು ವರ್ಣಿಸಿದ. ಅಕ್ವಿನಾಸ್ ಆಧರಿಸಿದ್ದ ಜೀವಶಾಸ್ತ್ರ ಕುಸಿಯಿತು. 1974ರಲ್ಲಿ ವ್ಯಾಟಿಕನ್ ಗರ್ಭಪಾತದ ಬಗ್ಗೆ ಹೊರಡಿಸಿದ ಘೋಷಣೆ, ಆತ್ಮ ಬರುವ ಗಳಿಗೆ ಯಾವುದು ಎಂಬ ಪ್ರಶ್ನೆಯನ್ನು ಉದ್ದೇಶಪೂರ್ವಕವಾಗಿಯೇ ಬದಿಗಿಡುತ್ತೇವೆ ಎಂದು ಒಂದು ಅಡಿಟಿಪ್ಪಣಿಯಲ್ಲಿ ಹೇಳಿತು. ನನ್ನ ಓದಿನಲ್ಲಿ ಆ ಘೋಷಣೆಯ ಅತ್ಯಂತ ಮುಖ್ಯ ಭಾಗ ಆ ಅಡಿಟಿಪ್ಪಣಿಯೇ.

ಪ್ರೊಟೆಸ್ಟಂಟರ ಕಥೆ ಬೇರೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1971ರಲ್ಲಿ, ಅತ್ಯಾಚಾರ, ಭ್ರೂಣದ ತೀವ್ರ ವೈಕಲ್ಯ, ತಾಯಿಯ ದೈಹಿಕ ಮತ್ತು ಮಾನಸಿಕ ಆರೋಗ್ಯದಂಥ ಕಾರಣಗಳಿಗೆ ಗರ್ಭಪಾತಕ್ಕೆ ಅವಕಾಶವಿರಲಿ ಎಂದು ಠರಾವು ಮಾಡಿದ್ದರು. ಇವತ್ತು ಅದನ್ನು ನೆನಪಿಸಿದರೆ ಅಲ್ಲಿನ ಹಲವರಿಗೆ ಇರುಸುಮುರುಸು. ಫ್ರಾನ್ಸಿಸ್ ಶೇಫರ್ ಮತ್ತು ಮಕ್ಕಳ ಶಸ್ತ್ರವೈದ್ಯ ಎವರೆಟ್ ಕೂಪ್ 1979ರಲ್ಲಿ ಪುಸ್ತಕ, ಚಲನಚಿತ್ರಗಳ ಮೂಲಕ ನಡೆಸಿದ ಪ್ರಚಾರದ ನಂತರವೇ ಆ ವಲಯ ಗಟ್ಟಿಯಾಗಿ ಈ ಕಡೆ ವಾಲಿತು.

ತಾತ್ತ್ವಿಕ ಸವಾಲು ಬಂದದ್ದು ಅದೇ 1971ರಲ್ಲಿ. ‘ಫಿಲಾಸಫಿ ಅಂಡ್ ಪಬ್ಲಿಕ್ ಅಫೇರ್ಸ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಜೂಡಿತ್ ಜಾರ್ವಿಸ್ ಥಾಮ್ಸನ್ ಒಂದು ಕಲ್ಪಿತ ಸನ್ನಿವೇಶ ಮುಂದಿಟ್ಟರು. ನೀವು ಎಚ್ಚರಗೊಂಡಾಗ ನಿಮ್ಮ ಮೂತ್ರಪಿಂಡಗಳಿಗೆ ಪ್ರಸಿದ್ಧ ಪಿಟೀಲುವಾದಕನೊಬ್ಬನನ್ನು ಜೋಡಿಸಿದ್ದಾರೆ. ನಿಮ್ಮನ್ನು ಅಪಹರಿಸಿ ತಂದವರು ಅವನ ಅಭಿಮಾನಿಗಳು. ಒಂಬತ್ತು ತಿಂಗಳು ಹಾಗೇ ಇದ್ದರೆ ಅವನು ಬದುಕುತ್ತಾನೆ, ಕಿತ್ತುಕೊಂಡರೆ ಸಾಯುತ್ತಾನೆ. ಇರಲೇಬೇಕೆಂಬ ಕರ್ತವ್ಯ ನಿಮಗಿದೆಯೇ? ಥಾಮ್ಸನ್ ಅವರ ಜಾಣ್ಮೆ ಇರುವುದು ಭ್ರೂಣ ಪೂರ್ಣ ವ್ಯಕ್ತಿ ಎಂದು ವಾದಕ್ಕಾಗಿ ಒಪ್ಪಿಕೊಂಡದ್ದರಲ್ಲಿ. ಆತ್ಮ ಯಾವಾಗ ಬಂತು ಎಂಬ ಶತಮಾನಗಳ ಚರ್ಚೆ ಒಂದೇ ಏಟಿಗೆ ಅಪ್ರಸ್ತುತವಾಯಿತು. ಬದುಕುವ ಹಕ್ಕು ಎಂದರೆ ಇನ್ನೊಬ್ಬರ ದೇಹವನ್ನು ಬಳಸುವ ಹಕ್ಕಲ್ಲ ಎಂಬುದು ಅವರ ತೀರ್ಮಾನ.

ಎರಡು ವರ್ಷಗಳ ನಂತರ ಅದೇ ಪತ್ರಿಕೆಯಲ್ಲಿ ಉತ್ತರಿಸಿದವರು ಆಕ್ಸ್‌ಫರ್ಡಿನ ಕ್ಯಾಥೊಲಿಕ್ ನ್ಯಾಯತತ್ತ್ವಜ್ಞ ಜಾನ್ ಫಿನ್ನಿಸ್. ಚರ್ಚೆಯನ್ನು ಹಕ್ಕುಗಳ ಭಾಷೆಯಿಂದ ಬಿಡಿಸಿ ಕೃತ್ಯದ ಸ್ವರೂಪದ ಕಡೆಗೆ ತಿರುಗಿಸಲು ಅವರು ಯತ್ನಿಸಿದರು. ಪಿಟೀಲುವಾದಕನಿಂದ ಬಿಡಿಸಿಕೊಳ್ಳುವಾಗ ನಾವು ಅವನ ಮೇಲೆ ಕೈಮಾಡುವುದಿಲ್ಲ, ನೆರವು ನಿಲ್ಲಿಸುತ್ತೇವೆ, ಅಷ್ಟೆ. ಗರ್ಭಪಾತದಲ್ಲಿ ಸಾಮಾನ್ಯವಾಗಿ ನಡೆಯುವುದು ಭ್ರೂಣದ ದೇಹದ ಮೇಲಿನ ನೇರ ಹಲ್ಲೆ. ಸಾವು ಕೃತ್ಯದ ಉದ್ದೇಶವೇ, ಇಲ್ಲ ಮೊದಲೇ ತಿಳಿದಿದ್ದೂ ಬಯಸದ ಪರಿಣಾಮವೇ ಎಂಬ ಹಳೆಯ ಕ್ಯಾಥೊಲಿಕ್ ವಿವೇಚನೆ ಇಲ್ಲಿ ಹೊಸ ವೇಷದಲ್ಲಿ ಬಂತು. ಫ್ರಾನ್ಸಿಸ್ ಬೆಕ್‌ವಿತ್ 1990ರ ದಶಕದಲ್ಲಿ ಇನ್ನೊಂದು ಎಳೆ ಸೇರಿಸಿದರು: ಎಲ್ಲ ಕರ್ತವ್ಯಗಳೂ ನಾವು ಒಪ್ಪಿ ಹೊತ್ತವಲ್ಲ, ಮಗು ಬೇಡವಾಗಿದ್ದ ತಂದೆಯಿಂದಲೂ ಕಾನೂನು ಜೀವನಾಂಶ ವಸೂಲು ಮಾಡುತ್ತದಲ್ಲ?

ಈ ಎರಡರಲ್ಲಿ ಫಿನ್ನಿಸ್ ಉತ್ತರವೇ ಹೆಚ್ಚು ಗಟ್ಟಿ. ಜೀವನಾಂಶಕ್ಕೂ ಒಂಬತ್ತು ತಿಂಗಳ ಬಸಿರಿಗೂ ಹೋಲಿಕೆ ದೂರದ್ದು, ಸಂಬಳದಲ್ಲಿ ಕಡಿತವಾಗುವುದು ದೇಹವಲ್ಲ. ಆದರೆ ಫಿನ್ನಿಸ್ ವಾದವೂ ಸ್ವಂತ ಮನೆಯಲ್ಲಿ ಕಿಡಿ ಹೊತ್ತಿಸಿತು. ಹೆರಿಗೆಯಲ್ಲಿ ಸಿಕ್ಕಿಕೊಂಡ ಮಗುವಿನ ತಲೆಯನ್ನು ಒಡೆದು ತಾಯಿಯನ್ನು ಉಳಿಸುವ ಶಸ್ತ್ರಕ್ರಿಯೆ ಸಮ್ಮತವೆಂದು ಬೋಧಿಸುವುದು ಸುರಕ್ಷಿತವಲ್ಲ ಎಂದು ವ್ಯಾಟಿಕನ್ 1884ರಲ್ಲೇ ಹೇಳಿತ್ತು. ಫಿನ್ನಿಸ್, ಜರ್ಮೇನ್ ಗ್ರಿಸೆಜ್, ಜೋಸೆಫ್ ಬಾಯ್ಲ್ 2001ರಲ್ಲಿ ‘ದಿ ಥಾಮಿಸ್ಟ್’ ಪತ್ರಿಕೆಯಲ್ಲಿ, ಅಲ್ಲಿ ವೈದ್ಯನ ಉದ್ದೇಶ ಮಗುವಿನ ಸಾವಾಗಿರಬೇಕಿಲ್ಲ ಎಂದು ವಾದಿಸಿದರು. ಉದ್ದೇಶವನ್ನು ಇಷ್ಟು ತೆಳುವಾಗಿ ಸೀಳಿದರೆ ಯಾವ ಕೊಲೆಯನ್ನೂ ಕೊಲೆಯಲ್ಲವೆನ್ನಬಹುದಲ್ಲ ಎಂದು ಸಹಧರ್ಮೀಯರೇ ಸಿಡಿದರು. ಆ ಜಗಳ ಇನ್ನೂ ಮುಗಿದಿಲ್ಲ.

ಎರಡನೆಯ ಸವಾಲು ನೇರವಾದದ್ದು: ಭ್ರೂಣ ವ್ಯಕ್ತಿಯೇ ಅಲ್ಲ. 1972ರಲ್ಲಿ ಮೈಕೆಲ್ ಟೂಲಿ, ಕಾಲದಲ್ಲಿ ಮುಂದುವರಿಯುವ ‘ನಾನು’ ಎಂಬ ಅರಿವಿಲ್ಲದ ಜೀವಿಗೆ ಬದುಕುವ ಹಕ್ಕಿಲ್ಲ ಎಂದರು. ಮೇರಿ ಆ್ಯನ್ ವಾರೆನ್ 1973ರಲ್ಲಿ ಪ್ರಜ್ಞೆ, ವಿವೇಚನೆ, ಸ್ವಪ್ರೇರಿತ ಚಟುವಟಿಕೆ, ಸಂವಹನ, ಆತ್ಮಪ್ರಜ್ಞೆ ಎಂಬ ಐದು ಲಕ್ಷಣಗಳನ್ನು ಪಟ್ಟಿಮಾಡಿದರು. ಈ ಅಳತೆಗೆ ನವಜಾತ ಶಿಶುವೂ ನಿಲುಕುವುದಿಲ್ಲ. ಟೂಲಿ ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿದರು. ವಾರೆನ್ ಮುಂದೆ ಸ್ಪಷ್ಟೀಕರಣದ ಟಿಪ್ಪಣಿ ಸೇರಿಸಬೇಕಾಯಿತು. ಪ್ರಚಾರಕರು ಈ ಶಿಶುಹತ್ಯೆಯ ಅಂಶವನ್ನೇ ಹಿಡಿದು ಗದ್ದಲ ಮಾಡಿದರು. ಆದರೆ ತೀರ್ಮಾನ ಭೀಕರವಾಗಿದೆ ಎಂದ ಮಾತ್ರಕ್ಕೆ ತರ್ಕ ತಪ್ಪೆಂದಾಗುವುದಿಲ್ಲ. ತಪ್ಪು ಎಲ್ಲಿದೆ ಎಂದು ತೋರಿಸಬೇಕು.

ತೋರಿಸಲು ಹೊರಟವರು ಆರನೆಯ ಶತಮಾನದ ಬೊಯೀಥಿಯಸ್‌ನ ಬಳಿಗೆ ಮರಳಿದರು. ವಿವೇಕ ಸ್ವಭಾವದ ಬಿಡಿ ಸತ್ತ್ವವೇ ವ್ಯಕ್ತಿ ಎಂಬುದು ಅವನ ಲಕ್ಷಣ. ಪ್ಯಾಟ್ರಿಕ್ ಲೀ 1996ರಲ್ಲೂ, ರಾಬರ್ಟ್ ಜಾರ್ಜ್ ಮತ್ತು ಕ್ರಿಸ್ಟೊಫರ್ ಟಾಲೆಫ್ಸನ್ 2008ರಲ್ಲೂ ಪ್ರಕಟಿಸಿದ ಪುಸ್ತಕಗಳ ತಿರುಳು ಇದು: ಈಗಲೇ ಬಳಸಬಲ್ಲ ಸಾಮರ್ಥ್ಯ ಬೇರೆ, ಸ್ವಭಾವದಲ್ಲೇ ಬೇರೂರಿದ ಸಾಮರ್ಥ್ಯ ಬೇರೆ. ಅರಿವಳಿಕೆಯಲ್ಲಿರುವ ರೋಗಿಗೆ ಮೊದಲನೆಯದಿಲ್ಲ, ಎರಡನೆಯದಿದೆ, ಭ್ರೂಣಕ್ಕೂ ಹಾಗೆಯೇ. ಚುಚ್ಚುಮದ್ದು ಕೊಟ್ಟರೆ ಮನುಷ್ಯನಂತೆ ಯೋಚಿಸಬಲ್ಲ ಬೆಕ್ಕಿನಮರಿಯೊಂದನ್ನು ಟೂಲಿ ಕಲ್ಪಿಸಿದ್ದರು. ಆ ಮರಿ ಬೇರೆಯೇ ಬಗೆಯ ಜೀವಿಯಾಗಿ ಮಾರ್ಪಡುತ್ತದೆ, ಭ್ರೂಣವಾದರೋ ತಾನಿರುವಂತೆಯೇ ಬೆಳೆಯುತ್ತದೆ ಎಂಬುದು ಇವರ ಮರುತ್ತರ. ಗರ್ಭದಲ್ಲಿದ್ದದ್ದು ‘ನನ್ನ ದೇಹ’ ಮಾತ್ರವಲ್ಲ, ನಾನೇ ಎಂಬಲ್ಲಿಗೆ ವಾದ ಬಂದು ನಿಂತಿತು. ದೇಹದಿಂದ ಬೇರೆಯಾದ ‘ನಾನು’ವನ್ನು ನೆಚ್ಚುವವರು ಈಗ ಎದುರಾಳಿಗಳೇ ಎಂದು ಇವರು ಕೆಣಕುತ್ತಾರೆ. ಪಾತ್ರಗಳು ಅದಲುಬದಲಾದ ಈ ನಾಟಕ ಚರಿತ್ರಕಾರನಿಗೆ ರುಚಿಸುವಂಥದು.

ಅವಳಿಗಳ ಆಕ್ಷೇಪ ಬಂದದ್ದು ಧರ್ಮಸಭೆಯ ಒಳಗಿನಿಂದಲೇ. ಮೊದಲ ಎರಡು ವಾರಗಳಲ್ಲಿ ಒಂದು ಭ್ರೂಣ ಎರಡಾಗಬಹುದಾದ್ದರಿಂದ ಅಲ್ಲಿಯವರೆಗೆ ಅದನ್ನು ಒಬ್ಬ ವ್ಯಕ್ತಿ ಎನ್ನಲಾಗದು ಎಂದು ಆಸ್ಟ್ರೇಲಿಯಾದ ಪಾದ್ರಿ ನಾರ್ಮನ್ ಫೋರ್ಡ್ 1988ರಲ್ಲಿ ಬರೆದರು. ಚಪ್ಪಟೆಹುಳುವನ್ನು ಕತ್ತರಿಸಿದರೆ ಎರಡು ಹುಳುಗಳಾಗುತ್ತವೆ, ಹಾಗೆಂದು ಮೊದಲು ಅದು ಒಂದೇ ಹುಳುವಾಗಿರಲಿಲ್ಲವೇ ಎಂಬುದು ಲೀ ಮತ್ತು ಜಾರ್ಜ್ ಕೊಟ್ಟ ಉತ್ತರ. ಅಷ್ಟಕ್ಕೆ ಅದು ಸಾಕು. ಟೋಬಿ ಆರ್ಡ್ 2008ರಲ್ಲಿ ಎತ್ತಿದ ಪ್ರಶ್ನೆ ಇನ್ನೂ ಕಷ್ಟದ್ದು: ಬಹುಪಾಲು ಭ್ರೂಣಗಳು ತಾವಾಗಿಯೇ ಅಳಿಯುತ್ತವಲ್ಲ, ಅವೆಲ್ಲ ಮನುಷ್ಯರಾದರೆ ಈ ಮಹಾಮಾರಿಯ ವಿರುದ್ಧ ನೀವೇಕೆ ಹೋರಾಡುತ್ತಿಲ್ಲ? ಸಾಯುವವರ ಸಂಖ್ಯೆ ದೊಡ್ಡದೆಂದು ಕೊಲ್ಲಲು ಪರವಾನಗಿ ಸಿಗದು ಎಂಬ ಉತ್ತರ ಸರಿಯಾದದ್ದೇ. ಆದರೆ ಆರ್ಡ್ ಕೇಳಿದ್ದು ಪರವಾನಗಿಯ ಮಾತಲ್ಲ, ನಂಬಿಕೆಗೂ ನಡೆಗೂ ಇರುವ ಅಂತರದ್ದು.

ಭಾರತದಲ್ಲೂ 1971 ಮುಖ್ಯ ವರ್ಷ. ಶಾಂತಿಲಾಲ್ ಶಾ ಸಮಿತಿಯ ಶಿಫಾರಸನ್ನು ಆಧರಿಸಿ ವೈದ್ಯಕೀಯ ಗರ್ಭಪಾತ ಕಾಯ್ದೆ ಅಂಗೀಕಾರಗೊಂಡದ್ದು ಆಗಲೇ. ಅದರ ಹಿಂದಿದ್ದುದು ಅಸುರಕ್ಷಿತ ಗರ್ಭಪಾತದಿಂದ ಸಾಯುತ್ತಿದ್ದ ಹೆಂಗಸರ ಚಿಂತೆ, ವ್ಯಕ್ತಿತ್ವದ ತತ್ತ್ವಚರ್ಚೆಯಲ್ಲ. ಆ ಚರ್ಚೆ ನ್ಯಾಯಾಲಯದ ಬಾಗಿಲಿಗೆ ಬಂದದ್ದು ತಡವಾಗಿ. ಬಿಡಿಸಿಕೊಳ್ಳುವ ಹಕ್ಕಿದೆಯೇ ಹೊರತು, ಬಿಡಿಸಿದ ಮೇಲೂ ಮಗು ಉಳಿದರೆ ಅದರ ಸಾವನ್ನು ಕೇಳುವ ಹಕ್ಕಿಲ್ಲ ಎಂದು ಥಾಮ್ಸನ್ ತಮ್ಮ ಪ್ರಬಂಧದ ಕೊನೆಯಲ್ಲಿ ಒಪ್ಪಿದ್ದರು. 2023ರ ಅಕ್ಟೋಬರ್‌ನಲ್ಲಿ ಇಪ್ಪತ್ತಾರು ವಾರಗಳ ಗರ್ಭವಿದ್ದ ವಿವಾಹಿತೆಯೊಬ್ಬರ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ ವೈದ್ಯರು ಕೇಳಿದ್ದು ಇದನ್ನೇ: ಮಗು ಬದುಕುವ ಸಾಧ್ಯತೆ ಇದೆ, ಹೃದಯ ಬಡಿತ ನಿಲ್ಲಿಸಬೇಕೇ? ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಆ ಮಹಿಳೆಯ ನಿರ್ಧಾರವನ್ನು ಎತ್ತಿಹಿಡಿದರು. ಹಿಮಾ ಕೊಹ್ಲಿ ಅನುಮತಿಸಲು ಒಪ್ಪಲಿಲ್ಲ. ಇಬ್ಬರ ಪೀಠ ಒಡೆದು ಮೂವರ ಪೀಠಕ್ಕೆ ಹೋದ ಅರ್ಜಿ ಅಕ್ಟೋಬರ್ 16ರಂದು ವಜಾ ಆಯಿತು.