ದತ್ತಕದ ಗೋಪ್ಯವೂ ಅಜ್ಞಾತಬಾಂಧವ್ಯದ ವಿವಾಹವೂ

ಜೈನಕಥಾಸಾಹಿತ್ಯದಲ್ಲಿ ಹದಿನೆಂಟು ನಂಟುಗಳ ಕಥೆಯೆಂದು ಪ್ರಸಿದ್ಧವಾದುದೊಂದುಂಟು. ಪ್ರಾಕೃತದ ವಸುದೇವಹಿಂಡಿಯಲ್ಲಿ ಅದು ದೊರೆಯುತ್ತದೆ, ಕ್ರಿ. ಶ. ೧೨ನೆಯ ಶತಮಾನದಲ್ಲಿ ಹೇಮಚಂದ್ರನು ತನ್ನ ಪರಿಶಿಷ್ಟಪರ್ವದಲ್ಲಿ ಅದನ್ನು ಸಂಸ್ಕೃತದಲ್ಲಿ ಹೇಳಿದ್ದಾನೆ. ಮಥುರೆಯ ಗಣಿಕೆಯಾದ ಕುಬೇರಸೇನೆಯು ಅವಳಿಮಕ್ಕಳನ್ನು ಹಡೆದಳು. ಕೂಸುಗಳನ್ನು ತ್ಯಜಿಸಬೇಕೆಂಬ ತನ್ನ ತಾಯಿಯ ಒತ್ತಾಯಕ್ಕೆ ಮಣಿದು, ಕೆಲವು ದಿನ ಮೊಲೆಯೂಡಿಸಿದ ಬಳಿಕ, ಕುಬೇರದತ್ತ, ಕುಬೇರದತ್ತೆ ಎಂಬ ಹೆಸರುಗಳನ್ನು ಕೊರೆದ ಎರಡು ಉಂಗುರಗಳನ್ನು ಮಾಡಿಸಿ, ಉಂಗುರಗಳ ಸಹಿತ ಮಕ್ಕಳಿಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಯಮುನೆಯಲ್ಲಿ ತೇಲಿಬಿಟ್ಟಳು. ಪೆಟ್ಟಿಗೆಯು ಶೌರ್ಯಪುರದ ದಡವನ್ನು ಸೇರಿತು. ಅಲ್ಲಿಯ ಇಬ್ಬರು ವರ್ತಕರು ಅದನ್ನು ಕಂಡು, ಒಬ್ಬನು ಗಂಡುಕೂಸನ್ನೂ ಮತ್ತೊಬ್ಬನು ಹೆಣ್ಣುಕೂಸನ್ನೂ ಕೊಂಡೊಯ್ದು ಸಾಕಿದರು. ಮಕ್ಕಳು ಪ್ರಾಯಕ್ಕೆ ಬಂದಾಗ ಆ ಇಬ್ಬರಿಗೇ ಮದುವೆಯಾಯಿತು. ಪಗಡೆಯಾಡುವ ಹೊತ್ತಿನಲ್ಲಿ ವರನ ಉಂಗುರವು ವಧುವಿನ ಕೈಗೆ ಬಂದಿತು. ಒಂದೇ ಲೋಹ, ಒಂದೇ ಕೆಲಸಗಾರಿಕೆ, ಒಂದೇ ಬಗೆಯ ಅಕ್ಷರ! ಆಕೆ ಶಂಕಿಸಿ ಮನೆಯ ಹಿರಿಯರನ್ನು ಆಣೆಯಿಟ್ಟು ಕೇಳಿದಾಗ ನಿಜವು ಹೊರಬಿದ್ದಿತು. ಆಕೆ ದೀಕ್ಷೆ ವಹಿಸಿದಳು. ವ್ಯಾಪಾರಕ್ಕಾಗಿ ಮಥುರೆಗೆ ಹೋದ ಕುಬೇರದತ್ತನಾದರೋ ಅಲ್ಲಿ ಅರಿಯದೆ ಕುಬೇರಸೇನೆಯಲ್ಲಿಯೇ ಅನುರಕ್ತನಾಗಿ ಮಗನನ್ನು ಪಡೆದನು. ಅವಧಿಜ್ಞಾನದಿಂದ ಇದನ್ನರಿತ ಆರ್ಯಿಕೆಯು ಆ ಮನೆಗೆ ಬಂದು ತೊಟ್ಟಿಲ ಕೂಸಿಗೆ ತನಗೂ ಅದಕ್ಕೂ ಇರುವ ಆರು, ಅದರ ತಂದೆಗೂ ತನಗೂ ಇರುವ ಆರು, ಅದರ ತಾಯಿಗೂ ತನಗೂ ಇರುವ ಆರು, ಹೀಗೆ ಹದಿನೆಂಟು ನಂಟುಗಳನ್ನು ಎಣಿಸಿ ಹೇಳಿದಳು.

ಕಥೆಯ ಉದ್ದೇಶವು ವೈರಾಗ್ಯಬೋಧೆಯೆಂಬುದು ಸ್ಪಷ್ಟ. ಜಂಬೂಕುಮಾರನು ಪ್ರಭವನಿಗೆ ಸಂಸಾರದ ನಂಟುಗಳು ಸ್ಥಿರವಲ್ಲವೆಂದು ತೋರಿಸುವುದಕ್ಕಾಗಿ ಇದನ್ನು ಹೇಳುತ್ತಾನೆ. ಆದರೆ ಧರ್ಮೋಪದೇಶವನ್ನು ಬದಿಗಿರಿಸಿ ನೋಡಿದರೆ ಇದರಲ್ಲಿ ಗಮನಾರ್ಹವಾದ ಒಂದು ಸಂಗತಿಯುಂಟು. ಒಂದೇ ಪೆಟ್ಟಿಗೆಯನ್ನು ತೆರೆದು ಮಕ್ಕಳನ್ನು ಹಂಚಿಕೊಂಡ ವರ್ತಕರಿಗೆ ತಿಳಿಯದ ವಿಷಯವೇನೂ ಇರಲಿಲ್ಲ. ಅಜ್ಞಾನವು ದಂಪತಿಗಳದು, ಹಿರಿಯರದು ಮೌನ ಮಾತ್ರ. ಅಜ್ಞಾತಬಾಂಧವ್ಯದ ವಿವಾಹವೆಂದು ಹೇಳುವಲ್ಲೆಲ್ಲ 'ಯಾರಿಗೆ ಅಜ್ಞಾತ?' ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾಗುತ್ತದೆ. ಕುರುಹು ಇಲ್ಲದೆ ಇರಲಿಲ್ಲ, ಅದನ್ನು ಓದಿದ ಕಾಲ ತಪ್ಪಿತು. ದತ್ತಕದ ಕಟ್ಟಳೆಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ, ಆ ಕುರುಹನ್ನು ಯಾರು ಇಟ್ಟುಕೊಳ್ಳಬೇಕು, ಯಾವಾಗ ಯಾರಿಗೆ ತೋರಿಸಬೇಕು ಎಂಬ ವಿಚಾರವೇ ಅದರ ಒಂದು ಮುಖ್ಯ ಎಳೆಯಾಗಿ ಕಂಡುಬರುತ್ತದೆ.

ಕುಬೇರದತ್ತನಂಥ ಮಗುವಿಗೆ ಧರ್ಮಶಾಸ್ತ್ರದಲ್ಲಿ 'ಅಪವಿದ್ಧ'ನೆಂದು ಹೆಸರು. ತಂದೆತಾಯಿಗಳು ತೊರೆದ ಕೂಸನ್ನು ಎತ್ತಿಕೊಂಡು ಸಾಕಿದವನಿಗೆ ಅದು ಪುತ್ರನಾಗುವುದೆಂದು ಮನು ಒಪ್ಪುತ್ತಾನೆ. 'ದತ್ತ'ನ ವಿಷಯ ಬೇರೆ. ಅವನನ್ನು ಕೊಡುವ ತಂದೆತಾಯಿಗಳು ಎದುರಿಗಿರುತ್ತಾರೆ. ವಸಿಷ್ಠಧರ್ಮಸೂತ್ರದ ೧೫ನೆಯ ಅಧ್ಯಾಯದಲ್ಲಿ ದತ್ತಕವನ್ನು ತೆಗೆದುಕೊಳ್ಳುವವನು ಬಂಧುಗಳನ್ನು ಕರೆಸಬೇಕು, ಅರಸನಿಗೆ ನಿವೇದಿಸಬೇಕು, ಮನೆಯ ನಡುವೆ ವ್ಯಾಹೃತಿಗಳಿಂದ ಹೋಮಮಾಡಬೇಕು, ಸಮೀಪದ ಬಂಧುವಿನ ಮಗನನ್ನೇ ಸ್ವೀಕರಿಸಬೇಕು ಎಂದು ವಿಧಿಸಿದೆ. ನ್ಯಾಯಸ್ಥಾನಗಳಲ್ಲಿ ದತ್ತಕದ ವ್ಯಾಜ್ಯಗಳು ಬಹುಮಟ್ಟಿಗೆ ಆಸ್ತಿಯ ವ್ಯಾಜ್ಯಗಳೇ ಆಗಿರುವುದರಿಂದ, ಈ ಬಹಿರಂಗಕ್ರಿಯೆಯನ್ನು ದಾಯಭಾಗಕ್ಕೆ ಬೇಕಾದ ಸಾಕ್ಷ್ಯವೆಂದಷ್ಟೇ ಎಣಿಸುವ ರೂಢಿ ಬಂದಿದೆ. ಅದು ಅರ್ಧ ಸತ್ಯ. ಅದೇ ಪ್ರಕರಣದ ಮುಂದಿನ ಸೂತ್ರವು ದೂರದ ಬಂಧುವಾದ ಬಾಲಕನ ವಿಷಯದಲ್ಲಿ ಸಂದೇಹ ಹುಟ್ಟಿದರೆ ಅವನನ್ನು ಪ್ರತ್ಯೇಕವಾಗಿ, ಶೂದ್ರನಂತೆ, ಇರಿಸಬೇಕೆನ್ನುತ್ತದೆ. ಇಂದಿನ ಓದುಗನಿಗೆ ಕಠಿನವಾಗಿ ಕೇಳುವ ಈ ಮಾತಿನಿಂದ ಒಂದಂಶವು ತಿಳಿಯಬರುತ್ತದೆ. ಸೂತ್ರಕಾರನಿಗೆ ಆಸ್ತಿಗಿಂತ ಮೊದಲು ಹುಟ್ಟಿನ ನಿಶ್ಚಯವು ಬೇಕಾಗಿತ್ತು. ಹತ್ತಿರದ ಬಂಧುವಿನ ಮಗನೇ ಆಗಬೇಕೆಂಬ ನಿಯಮವೂ, ಹತ್ತು ಜನರ ಎದುರಿನ ಕ್ರಿಯೆಯೂ ಆ ನಿಶ್ಚಯವನ್ನು ಕುಲದ ನೆನಪಿನಲ್ಲಿ ಉಳಿಸುವ ಉಪಾಯಗಳಾಗಿದ್ದುವು.

ಆ ನೆನಪು ಏತಕ್ಕೆ ಬೇಕು? ಮನುಸ್ಮೃತಿಯ ೯ನೆಯ ಅಧ್ಯಾಯದಲ್ಲಿ ದತ್ತನು ಹುಟ್ಟಿಸಿದವನ ಗೋತ್ರವನ್ನೂ ರಿಕ್ಥವನ್ನೂ ಹೊಂದನೆಂದೂ ಪಿಂಡವು ಅವೆರಡನ್ನೂ ಅನುಸರಿಸುವುದೆಂದೂ ಹೇಳಿದೆ. ಇದನ್ನು ಅಕ್ಷರಶಃ ಹಿಡಿದರೆ, ದತ್ತನಿಗೆ ಜನಕಕುಲದೊಡನೆ ನಂಟು ಪೂರ್ತಿಯಾಗಿ ಹರಿದುದರಿಂದ ಆ ಕುಲದ ಕನ್ಯೆಯನ್ನು ಅವನು ವರಿಸಬಹುದೆಂದಾಗುವುದು. ನಿಬಂಧಕಾರರು ಇದನ್ನು ಒಪ್ಪಲಿಲ್ಲ. ದತ್ತಕಮೀಮಾಂಸೆಯನ್ನು ಬರೆದ ನಂದಪಂಡಿತನೇ ಮೊದಲಾದವರು ವಿವಾಹವಿಷಯದಲ್ಲಿ ಜನಕಕುಲ ಪಾಲಕಕುಲಗಳೆರಡನ್ನೂ ವರ್ಜಿಸಬೇಕೆಂಬ ಪಕ್ಷವನ್ನು ಹಿಡಿದರು. ಆಸ್ತಿಗೆ ಒಂದೇ ಮನೆ, ಮದುವೆಯ ನಿಷೇಧಕ್ಕೆ ಎರಡು ಮನೆ.

ಈ ಸಿದ್ಧಾಂತಕ್ಕೆ ಬೇಕಾದ ತಾತ್ತ್ವಿಕವಾದ ತಳಹದಿಯನ್ನು ಒದಗಿಸಿದ ಗ್ರಂಥವು ಕನ್ನಡನಾಡಿನಲ್ಲಿ ಹುಟ್ಟಿತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಆಳಿಕೆಯಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದ ವಿವಾಹಪ್ರಕರಣದಲ್ಲಿ, 'ಸಪಿಂಡ'ಶಬ್ದದಲ್ಲಿರುವ ಪಿಂಡವೆಂದರೆ ಶ್ರಾದ್ಧದ ಅನ್ನದುಂಡೆಯಲ್ಲ, ದೇಹವೇ ಎಂದು ವ್ಯಾಖ್ಯಾನಿಸಿದನು. ಒಂದೇ ಶರೀರದ ಅಂಶಗಳು ಯಾರಲ್ಲಿ ಹರಿದುಬಂದಿವೆಯೋ ಅವರು ಸಪಿಂಡರು. ಅನ್ನಪಿಂಡದ ಸಂಬಂಧವನ್ನು ಹೋಮದಿಂದ ಕಡಿಯಬಹುದು, ದೇಹಾಂಶವನ್ನು ಯಾವ ಕ್ರಿಯೆಯಿಂದ ಕಡಿಯುವುದು? ದತ್ತಕದ ಪ್ರಶ್ನೆಯನ್ನು ಪರಿಹರಿಸಲೆಂದೇ ವಿಜ್ಞಾನೇಶ್ವರನು ಈ ಅರ್ಥವನ್ನು ಕಲ್ಪಿಸಿದನೆಂದು ಹೇಳಲಾಗದು. ಆದರೂ ಹುಟ್ಟಿದ ಮನೆಯ ನಂಟು ದತ್ತನ ಮೈಯಲ್ಲಿಯೇ ಇರುತ್ತದೆಂಬುದು ಅದರಿಂದ ತಾನಾಗಿಯೇ ಸಿದ್ಧಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯವಾಗಿದೆ. 'ನೆಂಟರು' ಎಂದಮಾತ್ರಕ್ಕೆ ಮದುವೆಗೆ ಒಲ್ಲದವರೆಂದು ದಕ್ಷಿಣದಲ್ಲಿ ಅರ್ಥವಾಗದು. ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ತರುವುದು ದಾಕ್ಷಿಣಾತ್ಯರ ಆಚಾರವೆಂದು ಬೌಧಾಯನನು ಅಂದೇ ಹೇಳಿದ್ದಾನೆ. ವಿಜಯನಗರದ ಮಾಧವಾಚಾರ್ಯನು ಪರಾಶರಮಾಧವೀಯದಲ್ಲಿ ಮಾತುಲಸುತಾಪರಿಣಯವನ್ನು ಸಮರ್ಥಿಸಿದ್ದಾನೆ. ನಮ್ಮಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಅಣ್ಣತಂಗಿಯರು. ಅತ್ತೆಮಾವಂದಿರ ಮಕ್ಕಳು ಕೊಟ್ಟುತರಲು ಯೋಗ್ಯರು. ಗೋತ್ರವಿಲ್ಲದ ಪಂಗಡಗಳಲ್ಲಿ ಬೆಡಗು, ಕರಾವಳಿಯಲ್ಲಿ ಬಳಿ ಇವು ಆ ಕೆಲಸವನ್ನು ಮಾಡುತ್ತವೆ. ಇಂತಹ ವ್ಯವಸ್ಥೆಯಲ್ಲಿ ದತ್ತಕವು ವಿಚಿತ್ರವಾದ ತೊಡಕನ್ನು ತಂದಿಡುತ್ತದೆ. ತಂಗಿಯ ಮಗನನ್ನು ಒಬ್ಬನು ದತ್ತಕ್ಕೆ ತೆಗೆದುಕೊಂಡನೆಂದರೆ, ನಿನ್ನೆಯವರೆಗೆ ಆ ಹುಡುಗನಿಗೆ ವಧುವಾಗಬಹುದಾಗಿದ್ದ ಮನೆಮಗಳು ಇಂದು ತಂಗಿಯಾಗುತ್ತಾಳೆ. ಆದಕಾರಣ ಇಲ್ಲಿ ಗೋಪ್ಯದಿಂದ ಎರಡು ಬಗೆಯ ತಪ್ಪೂ ಸಂಭವಿಸಬಹುದು: ಆಗಬಾರದ ಮದುವೆ ಆಗುವುದೊಂದು, ಆಗಬಹುದಾದ ಮದುವೆ ತಪ್ಪುವುದೊಂದು.

ಇಷ್ಟು ಎಚ್ಚರವಿದ್ದರೂ ತಪ್ಪು ನಡೆದರೆ? ಬೌಧಾಯನನು ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡಿದ್ದಾನೆ. ಅರಿಯದೆ ಸಗೋತ್ರೆಯನ್ನು ವಿವಾಹವಾದವನು ಆಕೆಯನ್ನು ತಾಯಿಯಂತೆ ಪೋಷಿಸಬೇಕು. ಆಕೆಗೆ ಅಷ್ಟರಲ್ಲಿ ಮಗುವಾಗಿದ್ದರೆ ಮೂರು ತಿಂಗಳ ಕೃಚ್ಛ್ರವನ್ನು ಆಚರಿಸಬೇಕೆಂದು ಧರ್ಮಸೂತ್ರದಲ್ಲಿದೆ. ಅವನ ಹೆಸರಿನ ಪ್ರವರಪ್ರಕರಣದಲ್ಲಿ ಚಾಂದ್ರಾಯಣವನ್ನು ಹೇಳಿ, ವ್ರತವು ಮುಗಿದ ಮೇಲೆ ಆಕೆಯನ್ನು ತ್ಯಜಿಸದೆ ತಾಯಿಯಂತೆ, ಸೋದರಿಯಂತೆ ಕಾಣಬೇಕೆಂದೂ, ಗರ್ಭಕ್ಕೆ ದೋಷವಿಲ್ಲವೆಂದೂ, ಆ ಶಿಶುವು ಕಾಶ್ಯಪಗೋತ್ರದ್ದೆಂದೂ ನಿರ್ಣಯಿಸಿದೆ. ಅರಿತು ಮಾಡಿದವನಿಗೆ ಗುರುತಲ್ಪಗಮನಕ್ಕೆ ಸಮಾನವಾದ ಪಾತಕ. ಅರಿಯದವನಿಗೆ ವ್ರತ ಮಾತ್ರ. ಶಾಸ್ತ್ರಗ್ರಂಥಗಳಲ್ಲಿ ಹೆಂಗಸಿನ ಪಾಡನ್ನು ಇಷ್ಟು ನೆನೆದ ಸ್ಥಳಗಳು ಹೆಚ್ಚಿಲ್ಲ. ದಾಂಪತ್ಯವು ಮುರಿಯುತ್ತದೆ, ಆದರೆ ಊಟ, ವಸತಿ, ಗೌರವಗಳು ಮುರಿಯುವುದಿಲ್ಲ. ಮಗುವು ಗೋತ್ರವಿಲ್ಲದೆ ಬೀದಿಪಾಲಾಗುವುದಿಲ್ಲ. ಕುಬೇರದತ್ತೆಗೆ ಕಥೆಗಾರನು ಸನ್ಯಾಸವನ್ನು ಕೊಟ್ಟನು. ಬೌಧಾಯನನು ಮನೆಯಲ್ಲಿಯೇ ಒಂದು ಸ್ಥಾನವನ್ನು ಕೊಡಿಸಿದನು. ಆದರೂ ಆ ಸ್ಥಾನದಲ್ಲಿ ಬಾಳುವೆ ಹೇಗಿದ್ದಿರಬಹುದೆಂಬುದನ್ನು ಯಾವ ಸೂತ್ರವೂ ತಿಳಿಸುವುದಿಲ್ಲ.

ವಸಿಷ್ಠನ ಬಹಿರಂಗವಿಧಾನಕ್ಕೆ ನೇರವಾಗಿ ವಿರುದ್ಧವಾದ ಮಾರ್ಗವು ೨೦ನೆಯ ಶತಮಾನದಲ್ಲಿ ಪಶ್ಚಿಮದೇಶಗಳಲ್ಲಿ ರೂಪುಗೊಂಡಿತು. ಅಮೆರಿಕದ ಮಿನ್ನೆಸೋಟ ಸಂಸ್ಥಾನವು ೧೯೧೭ರಲ್ಲಿ ದತ್ತಕದ ಕಡತಗಳನ್ನು ಸಾರ್ವಜನಿಕರ ಕಣ್ಣಿನಿಂದ ಮುಚ್ಚಿತು. ಇಂಗ್ಲೆಂಡಿನಲ್ಲಿ ೧೯೨೬ರವರೆಗೆ ದತ್ತಕವೆಂಬುದು ಕಾನೂನಿನಲ್ಲಿಯೇ ಇರಲಿಲ್ಲ. ಆ ವರ್ಷದ ಶಾಸನವು ದತ್ತುಮಕ್ಕಳಿಗೆ ಪ್ರತ್ಯೇಕವಾದ ನೋಂದಣಿಪುಸ್ತಕವನ್ನು ಏರ್ಪಡಿಸಿತು. ಹುಟ್ಟಿನ ದಾಖಲೆಗೂ ಈ ಹೊಸ ದಾಖಲೆಗೂ ಇರುವ ಕೊಂಡಿಯನ್ನು ಮುಖ್ಯ ನೋಂದಣಾಧಿಕಾರಿಯ ವಶದಲ್ಲಿ ಗೋಪ್ಯವಾಗಿರಿಸಿತು. ಇದರ ಉದ್ದೇಶವನ್ನು ಹಳಿಯುವಂತಿಲ್ಲ. ಅವಿವಾಹಿತೆಯಾದ ತಾಯಿಗೆ ಲೋಕನಿಂದೆಯ ಭಯ, ಮಗುವಿಗೆ ಹುಟ್ಟಿನ ಕಳಂಕ, ಸಾಕಿದವರಿಗೆ ಕೂಸನ್ನು ಹಿಂದಕ್ಕೆ ಕೇಳಿಯಾರೆಂಬ ಅಂಜಿಕೆ, ಇವು ಮೂರನ್ನೂ ಗೋಪ್ಯವು ಪರಿಹರಿಸಿತು. ಕುಬೇರಸೇನೆಯ ಪೆಟ್ಟಿಗೆಯ ಹಿಂದೆಯೂ ಇಂಥದೇ ಒತ್ತಡವಿತ್ತಲ್ಲವೇ? ಆದರೆ ಫಲವೇನೆಂದರೆ, ಹಿಂದೆ ಬಂಧುಗಳ ನೆನಪಿನಲ್ಲಿದ್ದುದು ಈಗ ಸರಕಾರದ ಬೀಗದೊಳಗೆ ಸೇರಿತು. ಯಾರ ಬಾಳಿಗೆ ಅದು ಬೇಕೋ ಅವರ ಕೈಗೇ ಅದು ಸಿಕ್ಕದಾಯಿತು. ಸ್ಕಾಟ್ಲೆಂಡು ಮಾತ್ರ ಬೇರೆ ದಾರಿ ಹಿಡಿದು, ೧೯೩೦ರ ಶಾಸನದಲ್ಲಿಯೇ ೧೭ ವರ್ಷ ತುಂಬಿದ ದತ್ತುಮಕ್ಕಳಿಗೆ ತಮ್ಮ ಜನನದಾಖಲೆಯನ್ನು ನೋಡುವ ಅಧಿಕಾರವನ್ನಿತ್ತಿತು.

ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಈ ಅಧಿಕಾರವು ದೊರೆತದ್ದು ೧೯೭೫ರ ಮಕ್ಕಳ ಶಾಸನದಿಂದ. ೧೮ ವರ್ಷ ತುಂಬಿದವರು ತಮ್ಮ ಹುಟ್ಟಿನ ವಿವರವನ್ನು ಪಡೆಯಬಹುದೆಂದು ಅದರಲ್ಲಿ ವಿಧಿಸಲಾಯಿತು. ಆ ವಿಧಿಗಿಂತಲೂ ಅದರ ಜತೆಯಲ್ಲಿ ಬಂದ ಸಣ್ಣ ಉಪವಿಧಿಯೊಂದು ಪ್ರಕೃತ ವಿಷಯಕ್ಕೆ ಹೆಚ್ಚು ಮುಖ್ಯವಾದುದು. ಹದಿನೆಂಟು ತುಂಬದ ದತ್ತುಮಗುವು ಮದುವೆಯಾಗಲು ಉದ್ದೇಶಿಸಿದಲ್ಲಿ ಮುಖ್ಯ ನೋಂದಣಾಧಿಕಾರಿಗೆ ಅರ್ಜಿಯನ್ನು ಬರೆದುಕೊಳ್ಳಬಹುದಾಗಿತ್ತು. ವಧೂವರರು ನಿಷಿದ್ಧಸಂಬಂಧದೊಳಗಿನವರಾಗಿರಬಹುದೆಂದು ದಾಖಲೆಗಳಿಂದ ತೋರುತ್ತದೆಯೇ ಇಲ್ಲವೇ ಎಂಬಷ್ಟನ್ನು ಅಧಿಕಾರಿಯು ತಿಳಿಸಬೇಕಾಗಿತ್ತು. ತಾಯಿಯ ಹೆಸರನ್ನು ಹೇಳಬೇಕಾಗಿರಲಿಲ್ಲ. ಮದುವೆಗೆ ಮುಂಚೆ ಉಂಗುರಗಳನ್ನು ಹೋಲಿಸಿನೋಡುವ ಕಾರ್ಯವನ್ನು ರಾಜ್ಯವೇ ವಹಿಸಿಕೊಂಡಂತಾಯಿತು. ಆದರೆ ಆ ಉಂಗುರವೂ ಅರ್ಧ ಕೊರೆದದ್ದು. ಅವಿವಾಹಿತೆಯ ಮಗುವಿನ ಜನನಪತ್ರದಲ್ಲಿ ತಂದೆಯ ಹೆಸರನ್ನು ಬರೆಯದೆ ಬಿಡುವುದು ಸಾಮಾನ್ಯವಾಗಿದ್ದುದರಿಂದ, ತಾಯಿ ಬೇರೆ ತಂದೆ ಒಬ್ಬನೇ ಆದ ಸೋದರಸೋದರಿಯರನ್ನು ಗುರುತಿಸುವ ಸಾಮರ್ಥ್ಯವು ಅಂತಹ ದಾಖಲೆಗೆ ಇರಲಾರದು.

ಕುಬೇರದತ್ತನ ಕಥೆಯು ಇಂಗ್ಲೆಂಡಿನಲ್ಲಿ ಮತ್ತೊಮ್ಮೆ ಕೇಳಿಬಂದದ್ದು ಸ್ವಾರಸ್ಯವಾದ ಸಂಗತಿ. ೨೦೦೭ರ ಡಿಸೆಂಬರಿನಲ್ಲಿ ಕೃತಕ ಗರ್ಭಧಾರಣೆಯ ಮಸೂದೆಯ ಚರ್ಚೆಯ ಕಾಲದಲ್ಲಿ, ಹುಟ್ಟಿದೊಡನೆ ಅಗಲಿಸಿ ಬೇರೆ ಬೇರೆ ಮನೆಗಳಿಗೆ ದತ್ತು ಕೊಟ್ಟಿದ್ದ ಅವಳಿಗಳು ಅರಿಯದೆ ಪರಸ್ಪರ ಮದುವೆಯಾದರೆಂದೂ, ನ್ಯಾಯಸ್ಥಾನವು ಆ ವಿವಾಹವನ್ನು ರದ್ದುಪಡಿಸಿತೆಂದೂ ಪ್ರಭುಗಳ ಸಭೆಯ ಸದಸ್ಯರೊಬ್ಬರು ಹೇಳಿದರು. ಮರುತಿಂಗಳು ಪತ್ರಿಕೆಗಳಲ್ಲೆಲ್ಲ ಅದು ಹಬ್ಬಿತು. ಸದಸ್ಯರು ಅದನ್ನು ನ್ಯಾಯಾಧೀಶರೊಬ್ಬರ ಬಾಯಿಂದ ಕೇಳಿದ್ದರು. ದಂಪತಿಗಳ ಹೆಸರಾಗಲಿ ತೀರ್ಪಿನ ಪ್ರತಿಯಾಗಲಿ ಸಭೆಯ ಮುಂದೆ ಬರಲಿಲ್ಲ. ಚರಿತ್ರಕಾರನು ಇದನ್ನು ಘಟನೆಯೆಂದು ಬರೆದುಕೊಳ್ಳುವಂತಿಲ್ಲ, ಸುಳ್ಳೆಂದು ತಳ್ಳುವಂತೆಯೂ ಇಲ್ಲ. ಗೋಪ್ಯವಾದ ದಾಖಲೆಯ ಲಕ್ಷಣವೇ ಅದು: ನಡೆದುದನ್ನು ಸ್ಥಾಪಿಸಲೂ ಬಿಡದು, ನಡೆಯದುದನ್ನು ನಿರಾಕರಿಸಲೂ ಬಿಡದು.

ಭಾರತದಲ್ಲಿ ೧೯೫೬ರ ಹಿಂದೂ ದತ್ತಕ ಶಾಸನದ ೧೨ನೆಯ ಪ್ರಕರಣವು ದತ್ತಕದ ದಿನದಿಂದ ಮಗುವಿಗೆ ಹುಟ್ಟಿದ ಮನೆಯ ಸಂಬಂಧಗಳೆಲ್ಲವೂ ಕಡಿಯುವುದೆಂದು ಹೇಳಿ, ಒಡನೆಯೇ ಒಂದು ಅಪವಾದವನ್ನು ಸೇರಿಸಿದೆ. ಹುಟ್ಟಿದ ಮನೆಯಲ್ಲಿಯೇ ಉಳಿದಿದ್ದರೆ ಯಾರನ್ನು ಮದುವೆಯಾಗಲು ಬರುತ್ತಿರಲಿಲ್ಲವೋ ಅವರನ್ನು ದತ್ತಕವಾದ ಮೇಲೂ ಮದುವೆಯಾಗಕೂಡದು. ನಿಬಂಧಕಾರರ ಪಕ್ಷವೇ ಇಲ್ಲಿ ಶಾಸನದ ಮಾತಾಯಿತು. ನಿಷಿದ್ಧಸಂಬಂಧದ ವಿವಾಹವು ೧೯೫೫ರ ವಿವಾಹಶಾಸನದಂತೆ ಮೊದಲಿನಿಂದಲೇ ಶೂನ್ಯ. ಅರಿತು ಮಾಡಿದರೂ ಅರಿಯದೆ ಮಾಡಿದರೂ ಶೂನ್ಯತೆಯಲ್ಲಿ ಭೇದವಿಲ್ಲ. ಅಂತಹ ವಿವಾಹದ ಮಕ್ಕಳು ನ್ಯಾಯಸಮ್ಮತರೆನ್ನಿಸಿಕೊಳ್ಳಲು ಮೊದಲು ನ್ಯಾಯಸ್ಥಾನದ ಡಿಕ್ರಿ ಬೇಕಾಗಿತ್ತು. ೧೯೭೬ರ ತಿದ್ದುಪಡಿಯು ಆ ನಿಬಂಧನೆಯನ್ನು ತೆಗೆದುಹಾಕಿತು. ಗರ್ಭಕ್ಕೆ ದೋಷವಿಲ್ಲವೆಂಬ ಬೌಧಾಯನಮತದ ಸಮೀಪಕ್ಕೆ ನವೀನ ಶಾಸನವು ಬಂದದ್ದು ಹೀಗೆ ಎರಡು ಹೆಜ್ಜೆಗಳಲ್ಲಿ.

ಕಲಿಯುಗದಲ್ಲಿ ಔರಸ ದತ್ತಕರಿಬ್ಬರೇ ಪುತ್ರರೆಂದು ನಿಬಂಧಗಳು ಸಾರಿದ ಮೇಲೆ ಅಪವಿದ್ಧನಿಗೆ ಶಾಸ್ತ್ರದಲ್ಲಿ ಎಡೆಯಿಲ್ಲದಾಗಿತ್ತು. ೧೯೬೨ರ ತಿದ್ದುಪಡಿಯು ತಂದೆತಾಯಿಗಳು ತೊರೆದ, ಹುಟ್ಟು ತಿಳಿಯದ ಮಗುವನ್ನು ನ್ಯಾಯಸ್ಥಾನದ ಅನುಮತಿಯಿಂದ ಪೋಷಕನು ದತ್ತು ಕೊಡಬಹುದೆಂದು ಹೇಳಿ ಅವನನ್ನು ಹಿಂದಕ್ಕೆ ಕರೆತಂದಿತು. ಇಂತಹ ಮಗುವಿನ ವಿಷಯದಲ್ಲಿ ೧೨ನೆಯ ಪ್ರಕರಣದ ಅಪವಾದವು ಪುಸ್ತಕದಲ್ಲಿದ್ದೂ ಬಳಕೆಗೆ ಬಾರದು. ಹುಟ್ಟಿದ ಮನೆಯೇ ತಿಳಿಯದಿರುವಾಗ ವರ್ಜಿಸುವುದಾದರೂ ಯಾರನ್ನು? ಹುಟ್ಟು ದಾಖಲೆಯಲ್ಲಿರುವವರಿಗೆ ಮಾತ್ರ, ಈಚಿನ ದತ್ತಕನಿಯಮಗಳು ೧೮ ವರ್ಷ ತುಂಬಿದ ಬಳಿಕ ತಮ್ಮ ಮೂಲವನ್ನು ಅರಸುವ ಮಾರ್ಗವನ್ನು ಕೊಟ್ಟಿವೆ. ಮಗುವನ್ನು ಒಪ್ಪಿಸಿದ ತಾಯಿಯು ತನ್ನ ಗುರುತು ಹೊರಬೀಳಬಾರದೆಂದು ಬಯಸಿದ್ದಲ್ಲಿ ಅದನ್ನೂ ಮನ್ನಿಸಬೇಕೆಂದಿವೆ. ಆದರೆ ಹೆಸರನ್ನು ಹೊರಗೆಡಹದೆಯೇ, ಮದುವೆಗೆ ಮುಂಚೆ, ಇಬ್ಬರೂ ಒಂದೇ ಪೆಟ್ಟಿಗೆಯಲ್ಲಿ ಬಂದವರೇ ಎಂಬಷ್ಟನ್ನು ಹೇಳಬಲ್ಲ ಆಂಗ್ಲೇಯ ಉಪವಿಧಿಯಂಥದು ಪೂರ್ವೋಕ್ತ ೧೯೫೬ರ ಶಾಸನದಲ್ಲಿ ಕಾಣುವುದಿಲ್ಲ.